ಕ್ಯಾಟಲಾಗ್ ಪುಟ ತಿರುವೋದಾ, ಫೋನ್ ಉಜ್ಜೋದಾ? ಎರಡರಲ್ಲೂ ತರಿಸಿ ನೋಡಿದ ಲೆಕ್ಕ

ದಾವಣಗೆರೆಯಲ್ಲಿ ಇದ್ದುಕೊಂಡು ಅಂಚೆಯಲ್ಲಿ ಸಾಮಾನು ತರಿಸುವುದು ಯಾಕೆ ಅಂತ ನಮ್ಮ ಬೀದಿಯವರೇ ಕೇಳುತ್ತಾರೆ. ಕೇಳೋದೂ ಸರಿಯೇ. ಮಂಡಿಪೇಟೆ, ಚೌಕಿಪೇಟೆ ಎರಡು ಸುತ್ತು ಹಾಕಿದರೆ ಸಿಗದ ಸಾಮಾನು ಕಡಿಮೆ. ಆದರೆ ನಮ್ಮ ಮನೆಯ ಮೂರು ಬಾಬ್ತಿಗೆ ಪೇಟೆ ಸಾಲುವುದಿಲ್ಲ. ಕನ್ನಡ ಪುಸ್ತಕ, ತಾರಸಿ ಮೇಲಿನ ಕುಂಡಗಳಿಗೆ ತರಕಾರಿ ಬೀಜ, ಅತ್ತೆಯವರಿಗೆ ಕಾಟನ್ ಸೀರೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನವರು ಕಾಟನ್ ಸೀರೆಗೆ ಹೊರಗಡೆ ನೋಡಬೇಕಾ ಅಂತ ನಗಬೇಡಿ. ಆ ಗಿರಣಿಗಳ ಕಾಲ ಹೋಯಿತು.

ಈ ಮೂರನ್ನೂ ಎರಡು ದಾರಿಯಲ್ಲಿ ತರಿಸಿ ನೋಡಿದ್ದೇನೆ. ಅಚ್ಚಾದ ಕ್ಯಾಟಲಾಗ್‌ನಲ್ಲಿ ಗುರುತು ಹಾಕಿ, ಫಾರಂ ತುಂಬಿ ಕಳಿಸಿದ್ದೂ ಆಯಿತು. ಫೋನಿನಲ್ಲಿ ಹುಡುಕಿ ಕೊಂಡದ್ದೂ ಆಯಿತು. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಏನು ಬೇಕು ಅಂತ ಗೊತ್ತಿದ್ದರೆ ಫೋನು. ಏನೇನಿದೆ ಅಂತ ನೋಡಬೇಕಿದ್ದರೆ ಕ್ಯಾಟಲಾಗು. ಗೊತ್ತೇ ಇಲ್ಲದ್ದನ್ನು ಫೋನಿನಲ್ಲಿ ಏನಂತ ಟೈಪ್ ಮಾಡಿ ಹುಡುಕೋದು?

ಗೊತ್ತಿದ್ದ ಸಾಮಾನಿನ ವಿಷಯ ಬೇಗ ಮುಗಿಯುತ್ತದೆ. ಮಿಕ್ಸಿ ಜಾರಿನ ರಬ್ಬರ್ ಹೋಗಿತ್ತು. ಮಾಡೆಲ್ ನಂಬರ್ ಹಾಕಿದೆ, ಫೋಟೋ ಬಂತು, ಒತ್ತಿದೆ, ಮನೆಗೆ ಬಂತು. ಇದಕ್ಕೆ ಯಾರಾದರೂ ಕ್ಯಾಟಲಾಗ್ ಅಚ್ಚು ಹಾಕಿಸಿದರೆ ಅವರಿಗೆ ಬೇರೆ ಕೆಲಸ ಇಲ್ಲ ಅಂತಲೇ ಅರ್ಥ.

ಪುಸ್ತಕದ ಕಥೆ ಹಾಗಲ್ಲ. ಬೆಂಗಳೂರಿನ ಒಂದು ಪ್ರಕಾಶನದವರು ಕೇಳಿದವರಿಗೆ ಪುಸ್ತಕ ಪಟ್ಟಿ ಕಳಿಸುತ್ತಾರೆ. ತೆಳು ಕಾಗದ, ಸಣ್ಣ ಅಕ್ಷರ, ಚಿತ್ರ ಅಂತ ಒಂದೂ ಇಲ್ಲ. ಲೇಖಕರ ಹೆಸರು, ಪುಸ್ತಕದ ಹೆಸರು, ಪುಟ, ಬೆಲೆ. ಅಷ್ಟೇ. ಆದರೆ ಪ್ರವಾಸ ಕಥನ ಹುಡುಕುತ್ತಾ ಹೋದವಳಿಗೆ ಅದೇ ಪುಟದ ಕೆಳಗೆ ಬಾವಿ, ಕೆರೆಗಳ ಬಗ್ಗೆ ಒಂದು ಸಣ್ಣ ಪುಸ್ತಕ ಕಣ್ಣಿಗೆ ಬಿತ್ತು. ಅಂಥ ಪುಸ್ತಕ ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಸೂಳೆಕೆರೆಯ ಆಸುಪಾಸಿನವರು ನಾವು, ಕೆರೆ ಅಂದರೆ ಬಿಡೋದುಂಟಾ? ತರಿಸಿದೆ.

ಫೋನಿನಲ್ಲಿ ಈ ಭಾಗ್ಯ ಇಲ್ಲ. ಅಲ್ಲಿ ಒಂದು ಸಲ ಅಡುಗೆ ಪುಸ್ತಕ ನೋಡಿದರೆ ಮುಂದೆಲ್ಲಾ ಅಡುಗೆಯೇ. ನಾವು ಹೋದ ದಾರಿಯಲ್ಲೇ ನಮ್ಮನ್ನು ಮತ್ತೆ ಮತ್ತೆ ಓಡಾಡಿಸುತ್ತದೆ. ಇನ್ನೊಂದು ತೊಂದರೆ ಹೆಸರು ಬರೆಯೋದರಲ್ಲಿದೆ. ಕನ್ನಡ ಪುಸ್ತಕಗಳನ್ನು ಅಂಗಡಿಯವರು ಒಬ್ಬೊಬ್ಬರು ಒಂದೊಂದು ಇಂಗ್ಲಿಷ್ ಸ್ಪೆಲಿಂಗ್ ಹಾಕಿ ಏರಿಸಿರುತ್ತಾರೆ. ಒಬ್ಬರು ಎರಡು 'ಎ' ಹಾಕುತ್ತಾರೆ, ಇನ್ನೊಬ್ಬರು ಒಂದೇ. ಕನ್ನಡದಲ್ಲಿ ಟೈಪ್ ಮಾಡಿದರೆ ಒಂದು ಪಟ್ಟಿ, ಇಂಗ್ಲಿಷಿನಲ್ಲಿ ಮಾಡಿದರೆ ಬೇರೆಯದೇ ಪಟ್ಟಿ. ಪುಸ್ತಕ ಇದ್ದರೂ ಸಿಗೋದಿಲ್ಲ.

ಆದರೆ ಪುಸ್ತಕ ಮನೆಗೆ ಬರೋ ವಿಷಯದಲ್ಲಿ ಕ್ಯಾಟಲಾಗ್ ಸೋತಿತು. ಮೊದಲೆಲ್ಲ ವಿಪಿಪಿ ಇತ್ತಲ್ಲ, ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟು ಪಾರ್ಸಲ್ ಬಿಡಿಸಿಕೊಳ್ಳೋದು. ಅದು ನಮ್ಮ ದೇಶಕ್ಕೆ ಬಂದದ್ದು 1877ರಲ್ಲಿ. ಈಗಿನವರು ಕ್ಯಾಶ್ ಆನ್ ಡೆಲಿವರಿ ಅಂತ ಹೊಸದೇನೋ ಕಂಡುಹಿಡಿದ ಹಾಗೆ ಹೇಳುತ್ತಾರೆ, ನಮ್ಮ ಅಜ್ಜಂದಿರ ಕಾಲಕ್ಕೇ ಅದು ಹಳೆಯದಾಗಿತ್ತು. ಪುಸ್ತಕಕ್ಕೆ ಕಡಿಮೆ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಅಂತ ಇತ್ತು. ಅದನ್ನು ಅಂಚೆ ಇಲಾಖೆ 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ಅಲ್ಲಿಂದೀಚೆ ತೆಳು ಪುಸ್ತಕ ಒಂದನ್ನೇ ತರಿಸಿದರೆ ಪುಸ್ತಕಕ್ಕಿಂತ ಸಾಗಾಟದ ಖರ್ಚೇ ಎದ್ದು ಕಾಣುತ್ತದೆ. ಹಾಗಾಗಿ ಪಟ್ಟಿಯಲ್ಲಿ ಆರಿಸೋದು, ಅದೇ ಪುಸ್ತಕ ಆನ್‌ಲೈನ್‌ನಲ್ಲಿ ಕಡಿಮೆಗೆ ಬರುತ್ತಾ ನೋಡೋದು, ಬಂದರೆ ಅಲ್ಲೇ ಕೊಳ್ಳೋದು. ಇದು ಪ್ರಕಾಶಕರಿಗೆ ಅನ್ಯಾಯ ಅಲ್ವಾ ಅಂತ ಮನಸ್ಸಿಗೆ ಬರುತ್ತದೆ. ಅದಕ್ಕೇ ನಾಲ್ಕೈದು ಪುಸ್ತಕ ಒಟ್ಟಿಗೆ ಬೇಕಾದಾಗ ನೇರವಾಗಿ ಅವರ ಹತ್ತಿರವೇ ತರಿಸುತ್ತೇನೆ.

ಈಗ ಬೀಜ. ನಿಜವಾದ ಜಟಾಪಟಿ ನಡೆದದ್ದು ಇಲ್ಲೇ.

ಬೀಜದ ಕ್ಯಾಟಲಾಗ್ ಅಂದರೆ ಅರ್ಧ ಬೆಲೆಪಟ್ಟಿ, ಅರ್ಧ ಪಾಠ. ನಮ್ಮಲ್ಲಿರುವುದರಲ್ಲಿ ಬೆಂಡೆಯ ಪುಟ ತೆಗೆದರೆ ಎಡಗಡೆ ಕೋಡ್ ನಂಬರ್. ಅದರ ಮುಂದೆ ತಳಿಯ ಹೆಸರು, ಬಿತ್ತನೆ ಕಾಲ, ಸಾಲಿನಿಂದ ಸಾಲಿಗೆ ಎಷ್ಟು ಅಂತರ, ಗಿಡದಿಂದ ಗಿಡಕ್ಕೆ ಎಷ್ಟು, ಎಷ್ಟು ದಿನಕ್ಕೆ ಕೊಯ್ಲು, ಯಾವ ರೋಗ ತಡೆಯುತ್ತದೆ. ಕೊನೆಯಲ್ಲಿ ಹತ್ತು ಗ್ರಾಂ, ಐವತ್ತು ಗ್ರಾಂ ದರ. ಪಕ್ಕದ ಅಂಚಿನಲ್ಲಿ ಹೋದ ಸಲ ನಾನು ಪೆನ್ಸಿಲ್‌ನಲ್ಲಿ ಬರೆದದ್ದು ಇನ್ನೂ ಇದೆ: 'ಚೆನ್ನಾಗಿ ಬಂತು, ಆದರೆ ಬೇಗ ನಾರಾಗುತ್ತೆ'. ಹೀರೆಯ ಪುಟಕ್ಕೆ ಅರಿಸಿನದ ಬೆರಳು ಹತ್ತಿದೆ. ಎರಡು ತಳಿ ಪಕ್ಕಪಕ್ಕದಲ್ಲಿ ಇರೋದರಿಂದ ಒಂದೇ ನೋಟಕ್ಕೆ ಹೋಲಿಸಬಹುದು. ಫೋನಿನಲ್ಲಿ ಇದನ್ನು ಮಾಡಬೇಕಾದರೆ ಒಂದು ತೆಗೆದು, ಹಿಂದೆ ಹೋಗಿ, ಇನ್ನೊಂದು ತೆಗೆಯೋ ಹೊತ್ತಿಗೆ ಮೊದಲನೆಯದರಲ್ಲಿ ಏನಿತ್ತು ಅಂತ ಮರೆತಿರುತ್ತದೆ.

ಫೋನಿನಲ್ಲಿ ಬೀಜ ಅಂತ ಹುಡುಕಿದಾಗ ಕಂಡದ್ದನ್ನು ಹೇಳಲೇಬೇಕು. ನೀಲಿ ಸ್ಟ್ರಾಬೆರಿ. ಕಾಮನಬಿಲ್ಲಿನ ಬಣ್ಣದ ಗುಲಾಬಿ. ಒಂದು ಕುಂಡದಲ್ಲಿ ಬುಟ್ಟಿಗಟ್ಟಲೆ ಟೊಮೆಟೊ. ಕೆಳಗೆ 'ಶೇ. 100 ಮೊಳಕೆ ಗ್ಯಾರಂಟಿ'. ಅಂಥ ಬಣ್ಣದ ಸ್ಟ್ರಾಬೆರಿ ಲೋಕದಲ್ಲೇ ಇಲ್ಲ, ಚಿತ್ರಕ್ಕೆ ಬಣ್ಣ ಬಳಿದದ್ದು. ಇನ್ನು ಮೊಳಕೆಯ ಮಾತು. ನಮ್ಮ ದೇಶದ ಬೀಜ ಪ್ರಮಾಣೀಕರಣದ ಲೆಕ್ಕದಲ್ಲಿ ಬೆಂಡೆಗೆ ಕನಿಷ್ಠ ಶೇ. 65 ಮೊಳೆತರೆ ಸಾಕು, ಟೊಮೆಟೊಗೆ ಶೇ. 70. ಹಾಗಿರುವಾಗ ನೂರಕ್ಕೆ ನೂರು ಅಂತ ಬರೆದವನಿಗೆ ಬೀಜದ ಬಗ್ಗೆ ಏನೂ ಗೊತ್ತಿಲ್ಲ, ಇಲ್ಲಾ ನಮಗೆ ಗೊತ್ತಿಲ್ಲ ಅಂತ ಅವನಿಗೆ ಗೊತ್ತಿದೆ.

ಹಾಗಂತ ಆನ್‌ಲೈನ್ ಪೂರ್ತಿ ಬಂಡಲ್ ಅಂತಲ್ಲ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತಮ್ಮ ತಳಿಗಳ ಬೀಜವನ್ನು ಆನ್‌ಲೈನ್‌ನಲ್ಲೇ ಮಾರುತ್ತಾರೆ. ಹಳದಿ ನಂಜು ತಡೆಯುವ ಅರ್ಕಾ ಅನಾಮಿಕಾ ಬೆಂಡೆ, ಮೂರು ರೋಗ ತಡೆಯುವ ಅರ್ಕಾ ರಕ್ಷಕ್ ಟೊಮೆಟೊ ಎಲ್ಲ ಅವರದೇ. ಮೊದಲಾದರೆ ಇದಕ್ಕೆ ಹೆಸರಘಟ್ಟಕ್ಕೇ ಹೋಗಬೇಕಿತ್ತು, ಇಲ್ಲಾ ಕೃಷಿ ಮೇಳಕ್ಕೆ ಕಾಯಬೇಕಿತ್ತು. ಈಗ ಮನೆಯಲ್ಲೇ ಕೂತು ತರಿಸಬಹುದು. ಇಲ್ಲಿ ಫೋನು ಗೆದ್ದಿತು, ಅನುಮಾನವೇ ಬೇಡ. ಆದರೆ ತಳಿಯ ಹೆಸರು ಗೊತ್ತಿದ್ದವರಿಗೆ ಮಾತ್ರ. ನನಗೆ ಆ ಹೆಸರು ಗೊತ್ತಾದದ್ದು ಕಾಗದದ ಮೇಲೆ ಓದಿ.

ಪ್ಯಾಕೆಟ್ ಕೈಗೆ ಬಂದ ಮೇಲೆ ಎರಡಕ್ಕೂ ಒಂದೇ ಪರೀಕ್ಷೆ. ಹಿಂದೆ ತಿರುಗಿಸಿ ಲೇಬಲ್ ನೋಡಬೇಕು. ಮೊಳಕೆ ಪ್ರಮಾಣ, ಪರೀಕ್ಷೆ ಮಾಡಿದ ದಿನ, ಎಲ್ಲಿವರೆಗೆ ಬಿತ್ತಬಹುದು ಅನ್ನೋ ದಿನ ಇರಬೇಕು. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ. ಕಂಪನಿಯೇ ಜವಾಬ್ದಾರಿ ಹೊತ್ತು ಹಾಕಿದ್ದಕ್ಕೆ ಹಸಿರು ಚೀಟಿ. ಕ್ಯಾಟಲಾಗ್‌ನಿಂದ ಬಂದದ್ದರಲ್ಲಿ ಇದೆಲ್ಲ ಇತ್ತು. ಆನ್‌ಲೈನ್‌ನಲ್ಲಿ ಹೆಸರಿಲ್ಲದ ಒಬ್ಬ ಮಾರಾಟಗಾರ ಕಳಿಸಿದ್ದು ಬರೀ ಜಿಪ್ ಕವರ್, ಒಳಗೆ ಬೀಜ, ಮೇಲೆ ಮಾರ್ಕರ್‌ನಲ್ಲಿ ಒಂದು ನಂಬರ್. ಬಿತ್ತಿದೆ. ಹೀರೆ ಅಂತ ಹಾಕಿದ್ದರಲ್ಲಿ ಎದ್ದದ್ದು ತುಪ್ಪದ ಹೀರೆ. ಪಲ್ಯ ಆಯಿತು, ಅದು ಬೇರೆ ಮಾತು.

ಆ ಬೀಜದ ಬಗ್ಗೆ ಆನ್‌ಲೈನ್ ಅಂಗಡಿಗೆ ದೂರು ಕೊಟ್ಟೆ, ದುಡ್ಡು ವಾಪಸ್ ಬಂತು ಅನ್ನೋದನ್ನೂ ಹೇಳಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ಸ್ವೀಕರಿಸಿದ್ದೇವೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಫೋಟೋ ಹಾಕಿ ಬರೆದೆ, ಆಯಿತು. ಕ್ಯಾಟಲಾಗ್ ಆರ್ಡರ್‌ನಲ್ಲಿ ಪೊಟ್ಟಣ ಕಡಿಮೆ ಬಂದಾಗ ನಾನು ಪತ್ರ ಬರೆದು, ಆಮೇಲೆ ಫೋನ್ ಮಾಡಿ, ಆಮೇಲೆ ಇನ್ನೊಂದು ಸಲ ಫೋನ್ ಮಾಡಬೇಕಾಯಿತು. ಅವರು 'ಮುಂದಿನ ಆರ್ಡರ್ ಜೊತೆ ಹಾಕ್ತೀವಿ ಮೇಡಂ' ಅಂದರು. ಹಾಕಿದರು ಕೂಡ. ಆದರೆ ಅಷ್ಟರಲ್ಲಿ ಮುಂಗಾರು ಮುಗಿದಿತ್ತು.

ಖರ್ಚಿನ ವಿಷಯದಲ್ಲಿ ನನಗೆ ಆಶ್ಚರ್ಯ ಆದದ್ದು ಬೇರೆ. ಬೆಲೆ ಯಾವುದರಲ್ಲಿ ಕಡಿಮೆ ಅನ್ನೋದಕ್ಕಿಂತ ಬಿಲ್ ಯಾವುದರಲ್ಲಿ ಜಾಸ್ತಿ ಆಗುತ್ತದೆ ಅನ್ನೋದು ಮುಖ್ಯ. ಕ್ಯಾಟಲಾಗ್‌ನ ಹಿಂದಿನ ಪುಟದಲ್ಲಿ ಆರ್ಡರ್ ಫಾರಂ ಇರುತ್ತದೆ. ಕೋಡು, ಹೆಸರು, ತೂಕ, ದರ ಅಂತ ಗೆರೆ ಹಾಕಿದ್ದು. ಒಂದೊಂದಾಗಿ ಬರೆದು, ಕೆಳಗೆ ಕೂಡಿಸಬೇಕು. ಕೂಡಿಸಿದ ಮೇಲೆ ಮೊತ್ತ ನೋಡಿ ಮೇಲಿನಿಂದ ಮತ್ತೆ ಓದುತ್ತೇನೆ. ಬ್ರೊಕೊಲಿ ಯಾಕೆ ಬೇಕು ಈ ಬಿಸಿಲಿಗೆ? ಹೊಡೆದು ಹಾಕು. ಕೂಡಿಸುವ ಕೈಯೇ ಕಳೆಯುತ್ತದೆ. ಫೋನಿನಲ್ಲಿ ಉಲ್ಟಾ. ಲೆಕ್ಕ ಅದೇ ಮಾಡುತ್ತದೆ, ಮಾಡಿ 'ಇನ್ನು 80 ರೂಪಾಯಿಯದ್ದು ಸೇರಿಸಿದರೆ ಡೆಲಿವರಿ ಫ್ರೀ' ಅನ್ನುತ್ತದೆ. ಸರಿ, ಸುಮ್ನೆ ಒಂದು ಕೈಗವಸು. ಕೈಗವಸು ನೋಡಿದ್ದಕ್ಕೆ ಕತ್ತರಿ ತೋರಿಸುತ್ತದೆ. ಪ್ರತಿ ಸಲವೂ ನಾನು ಅಂದುಕೊಂಡದ್ದಕ್ಕಿಂತ ಫೋನಿನ ಬಿಲ್ ಮೇಲೆ, ಫಾರಂನ ಬಿಲ್ ಕೆಳಗೆ.

ಹಾಗಾದರೆ ಕಂಪನಿಗಳು ಕ್ಯಾಟಲಾಗ್ ಬಿಟ್ಟದ್ದು ಸರಿಯೇ ಅನ್ನಿಸಬಹುದು. ಬಹಳ ಜನ ಬಿಟ್ಟಿದ್ದಾರೆ ಕೂಡ. ಅಂಚೆ ಕ್ಯಾಟಲಾಗ್ ವ್ಯಾಪಾರಕ್ಕೆ ದಾರಿ ಹಾಕಿದ್ದು ಅಮೆರಿಕದ ಶಿಕಾಗೋದ ಮಾಂಟ್‌ಗೊಮರಿ ವಾರ್ಡ್, 1872ರಲ್ಲಿ, ಒಂದೇ ಹಾಳೆಯ ಪಟ್ಟಿಯಿಂದ. ಅವರ ಹಿಂದೆ ಬಂದು ದೊಡ್ಡದಾದ ಸಿಯರ್ಸ್ ತನ್ನ ದಪ್ಪ ಕ್ಯಾಟಲಾಗನ್ನು 1993ರಲ್ಲಿ ನಿಲ್ಲಿಸಿತು. ಆಗ ಮನೆಮನೆಗೆ ಇಂಟರ್ನೆಟ್ ಇನ್ನೂ ಬಂದೇ ಇರಲಿಲ್ಲ ಅನ್ನೋದನ್ನು ಗಮನಿಸಿ. ಸ್ವೀಡನ್ನಿನ ಐಕಿಯಾ 2016ರಲ್ಲಿ 20 ಕೋಟಿ ಪ್ರತಿ ಅಚ್ಚು ಹಾಕಿಸಿತ್ತು. 2020ರ ಡಿಸೆಂಬರ್‌ನಲ್ಲಿ ಇನ್ನು ಸಾಕು ಅಂದಿತು.

ಆದರೆ ಮಜಾ ಇರೋದು ಇನ್ನೊಂದು ಕಡೆ. ಕ್ಯಾಟಲಾಗ್ ನಿಲ್ಲಿಸಿದ್ದ ಜೆಸಿ ಪೆನ್ನಿ ಅನ್ನುವ ಅಮೆರಿಕದ ಅಂಗಡಿ 2015ರಲ್ಲಿ ಮತ್ತೆ ಅಚ್ಚು ಹಾಕಿಸಿತು. ಯಾಕೆಂದರೆ ಆನ್‌ಲೈನ್‌ನಲ್ಲಿ ಕೊಳ್ಳುತ್ತಿದ್ದವರಲ್ಲಿ ಬಹಳ ಜನ ಮೊದಲು ಕ್ಯಾಟಲಾಗ್ ನೋಡಿಕೊಂಡೇ ಬರುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. 2018ರಲ್ಲಿ ಅಮೆಜಾನ್ ಕೂಡ ಅಲ್ಲಿನ ಮನೆಗಳಿಗೆ ಕಾಗದದ ಆಟಿಕೆ ಕ್ಯಾಟಲಾಗ್ ಕಳಿಸಿತು. ಫೋನಿನಲ್ಲೇ ಲೋಕ ಆಳುವವರಿಗೂ ಮಕ್ಕಳು ಪುಟದ ಮೇಲೆ ಗುರುತು ಹಾಕೋದು ಬೇಕಾಯಿತು ನೋಡಿ. ನಾನು ಪುಸ್ತಕದ ಪಟ್ಟಿಯಲ್ಲಿ ಮಾಡುತ್ತಿರೋದೂ ಇದೇ: ಕಾಗದದಲ್ಲಿ ಆರಿಸೋದು, ಫೋನಿನಲ್ಲಿ ಕೊಳ್ಳೋದು.

ಸೀರೆ ವಿಷಯಕ್ಕೆ ಬಂದರೆ ನಮ್ಮ ಅತ್ತೆಯವರ ಮಾತೇ ಮಾತು. ಅವರಿಗೆ ಫೋನಿನಲ್ಲಿ ಸೀರೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, 'ಇದು ಮುಗಿಯೋದೇ ಇಲ್ಲವಲ್ಲವ್ವ, ಯಾವಾಗ ಆರಿಸೋದು?' ಅಂದರು. ಕ್ಯಾಟಲಾಗ್ ಕೊಟ್ಟರೆ ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೋಡುತ್ತಾರೆ. ಓರಗಿತ್ತಿ ಬಂದರೆ ಅವರಿಗೂ ತೋರಿಸುತ್ತಾರೆ. 'ಈ ಅಂಚು ನಿನಗೆ, ಇದು ನನಗೆ' ಅಂತ ಪಂಚಾಯಿತಿ ನಡೆಯುತ್ತದೆ. ಒಂದು ಫೋನನ್ನು ಮೂರು ಜನ ಒಟ್ಟಿಗೆ ನೋಡೋಕೆ ಆಗುವುದಿಲ್ಲ. ಮಧ್ಯದಲ್ಲಿ ಯಾರದಾದರೂ ಕಾಲ್ ಬಂದರಂತೂ ಸೀರೆಯೂ ಇಲ್ಲ, ಮಾತೂ ಇಲ್ಲ.

ಬಣ್ಣದ ಮಟ್ಟಿಗೆ ಎರಡೂ ಕೈಕೊಡುತ್ತವೆ. ಅಚ್ಚಿನಲ್ಲಿ ಮಾವಿನಕಾಯಿ ಹಸಿರು ಅಂತ ಕಂಡದ್ದು ಬಂದಾಗ ಗಿಳಿ ಹಸಿರು ಆಗಿತ್ತು. ಫೋನಿನಲ್ಲಿ ಬ್ರೈಟ್‌ನೆಸ್ ಏರಿಸಿದರೆ ಒಂದು ಬಣ್ಣ, ಇಳಿಸಿದರೆ ಇನ್ನೊಂದು. ಆದರೆ ಫೋನಿನಲ್ಲಿ ಕೊಂಡವರು ಹಾಕಿದ ಫೋಟೋ ಇರುತ್ತದೆ. ಮಾಡೆಲ್ ಉಟ್ಟ ಸೀರೆ ಬಿಟ್ಟು, ಯಾರೋ ಒಬ್ಬರು ಮನೆಯ ಟ್ಯೂಬ್‌ಲೈಟ್ ಕೆಳಗೆ ಮಂಚದ ಮೇಲೆ ಹರಡಿ ತೆಗೆದ ಫೋಟೋ ನೋಡಿ. ಅದೇ ನಿಜ. ಕ್ಯಾಟಲಾಗ್‌ನಲ್ಲಿ ಈ ಅನುಕೂಲ ಇಲ್ಲವೇ ಇಲ್ಲ, ಅಲ್ಲಿ ಎಲ್ಲ ಸೀರೆಯೂ ಚೆಂದವೇ.

ನಮ್ಮ ಪಕ್ಕದ ಬೀದಿಯಲ್ಲಿ ಮನೆಯಲ್ಲೇ ಸೀರೆ ವ್ಯಾಪಾರ ಮಾಡುವ ಅಕ್ಕ ಒಬ್ಬರಿದ್ದಾರೆ. ಸೂರತ್‌ನ ಹೋಲ್‌ಸೇಲ್‌ನವರು ಅವರಿಗೆ ವಾಟ್ಸಾಪ್‌ನಲ್ಲಿ ಕ್ಯಾಟಲಾಗ್ ಪಿಡಿಎಫ್ ಕಳಿಸುತ್ತಾರೆ. ವಯಸ್ಸಿನ ಹುಡುಗಿಯರಿಗೆ ಅಕ್ಕ ಅದನ್ನೇ ಫಾರ್ವರ್ಡ್ ಮಾಡುತ್ತಾರೆ. ಸ್ವಲ್ಪ ವಯಸ್ಸಾದ ಗಿರಾಕಿಗಳಿಗೆ ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿ, ಫೈಲಿಗೆ ಹಾಕಿ ಮನೆಗೆ ಕೊಟ್ಟು ಬರುತ್ತಾರೆ. 'ಪ್ರಿಂಟ್ ಖರ್ಚು ಬೀಳುತ್ತಲ್ಲಕ್ಕಾ' ಅಂದೆ. 'ಫೋನಿನಾಗೆ ನೋಡಿದೋರು ನೋಡಿ ಸುಮ್ನಾಗ್ತಾರೆ. ಫೈಲು ಮನಿಯಾಗೆ ಬಿಟ್ಟು ಬಂದ್ರೆ ಅವರೇ ಕರೆದು ಆರ್ಡರ್ ಹೇಳ್ತಾರೆ' ಅಂದರು. ವ್ಯಾಪಾರ ಮಾಡುವವರ ಮಾತು ಅದು, ನನ್ನ ಊಹೆಗಿಂತ ಅದಕ್ಕೇ ತೂಕ ಜಾಸ್ತಿ.

ಈಗ ನಮ್ಮ ಮನೆಯಲ್ಲಿ ನಡೆಯುತ್ತಿರುವುದು ಇಷ್ಟು. ಪುಸ್ತಕಕ್ಕೆ ಪಟ್ಟಿ ತರಿಸುತ್ತೇನೆ, ಒಂಟಿ ಪುಸ್ತಕ ಆನ್‌ಲೈನ್‌ನಲ್ಲಿ, ಕಟ್ಟು ಪ್ರಕಾಶಕರಿಂದ. ಸೀರೆ ಅಕ್ಕನ ಫೈಲಿನಿಂದ. ಬೀಜ ಮಾತ್ರ ಕ್ಯಾಟಲಾಗ್‌ನಲ್ಲಿ ತಳಿ ಗುರುತು ಹಾಕಿ, ಅದು ಹೆಸರಘಟ್ಟದವರದಾದರೆ ಅವರ ಹತ್ತಿರವೇ ಆನ್‌ಲೈನ್‌ನಲ್ಲಿ. ನೀವೂ ತರಿಸುವುದಾದರೆ ಮುಂಗಾರಿನ ಬೀಜಕ್ಕೆ ಏಪ್ರಿಲ್ ಮುಗಿಯೋದರೊಳಗೆ ಆರ್ಡರ್ ಹಾಕಿ. ಮೇ ತಿಂಗಳ ನಮ್ಮ ಕಡೆಯ ಬಿಸಿಲಿನಲ್ಲಿ ಪಾರ್ಸಲ್ ಯಾವುದೋ ತಗಡಿನ ಗೋಡೌನಿನಲ್ಲಿ ಬಿದ್ದಿದ್ದರೆ ಬೀಜದ ಕಸುವು ಇಳಿಯುತ್ತದೆ. ಬಂದ ಕೂಡಲೇ ಲೇಬಲ್‌ನ ಫೋಟೋ ತೆಗೆದಿಡಿ, ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿ, ಆಮೇಲೆ ಮಣ್ಣಿಗೆ ಹಾಕಿ.