ಕಿಸೆಯಲ್ಲಿ ಮಲ್ಟಿಟೂಲ್ ಬೇಕೇ? ಕಾರವಾರದ ಉಪ್ಪುಗಾಳಿಗೂ ಶಿರಸಿಯ ತೋಟಕ್ಕೂ ಹಿಡಿದು ನೋಡಿದ ಹೋಲಿಕೆ

ಹದಿನೈದು ಉಪಯೋಗ, ಹದಿನೆಂಟು ಉಪಯೋಗ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ನೋಡಿ ಮಲ್ಟಿಟೂಲ್, ಅಂದರೆ ಹಲವು ಉಪಕರಣಗಳನ್ನು ಮಡಚಿ ಒಂದರಲ್ಲೇ ಸೇರಿಸಿದ ಸಾಧನ, ಕೊಳ್ಳುವವರೇ ಹೆಚ್ಚು. ದಿನವೂ ಜೊತೆಗಿಟ್ಟುಕೊಳ್ಳುವ ಸಾಮಾನಿಗೆ ಆ ಲೆಕ್ಕ ಕೆಲಸಕ್ಕೆ ಬಾರದು. ನೋಡಬೇಕಾದದ್ದು ಎರಡು. ಅದರ ಭಾರಕ್ಕೆ ಬೇಸತ್ತು ಮೂರನೇ ವಾರಕ್ಕೆ ಮನೆಯಲ್ಲೇ ಬಿಟ್ಟು ಹೋಗುತ್ತೀರಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಅದರ ಕೀಲು ತುಕ್ಕು ಹಿಡಿಯದೆ ಉಳಿಯುತ್ತದೆಯೇ? ಉತ್ತರ ಕನ್ನಡದಲ್ಲಿ ಈ ಎರಡು ಪ್ರಶ್ನೆಗಳಲ್ಲೇ ಅರ್ಧ ಆಯ್ಕೆ ಮುಗಿಯುತ್ತದೆ.

ಹೋಲಿಕೆಗೆ ತೆಗೆದುಕೊಂಡದ್ದು ನಾಲ್ಕು: ವಿಕ್ಟೋರಿನಾಕ್ಸ್ ಕ್ಲಾಸಿಕ್ ಎಸ್‌ಡಿ, ಅದೇ ಕಂಪನಿಯ ಹಂಟ್ಸ್‌ಮನ್, ಪಕ್ಕಡ ಇರುವ ಲೆದರ್‌ಮನ್ ವೇವ್ ಪ್ಲಸ್, ಕೊನೆಗೆ ಮಲ್ಟಿಟೂಲೇ ಇಲ್ಲದೆ ಸೊಂಟದಲ್ಲಿ ಕತ್ತಿ, ಬೈಕಿನ ಡಬ್ಬಿಯಲ್ಲಿ ಪಕ್ಕಡ ಮತ್ತು ಟೆಸ್ಟರ್. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ದಿನವೂ ಕಿಸೆಯಲ್ಲಿ ಇಡುವ ಯೋಗ್ಯತೆ ಇರುವುದು 100 ಗ್ರಾಂ ಒಳಗಿನವಕ್ಕೆ ಮಾತ್ರ. ಪಕ್ಕಡದ ಮಲ್ಟಿಟೂಲ್ ಒಳ್ಳೆಯ ಸಾಧನವೇ, ಆದರೆ ಅದರ ಜಾಗ ಚೀಲ ಅಥವಾ ಬೈಕಿನ ಡಬ್ಬಿ. ಕತ್ತಿಯ ಕೆಲಸವನ್ನು ಇವ್ಯಾವುವೂ ಮಾಡುವುದಿಲ್ಲ.

ಕ್ಲಾಸಿಕ್ ಎಸ್‌ಡಿ

ಮಡಚಿದಾಗ 58 ಮಿ.ಮೀ. ಉದ್ದ, ತೂಕ ಸುಮಾರು 21 ಗ್ರಾಂ. ಒಂದು ಸಣ್ಣ ಅಲಗು, ಕತ್ತರಿ, ತುದಿಯಲ್ಲಿ 2.5 ಮಿ.ಮೀ. ಸ್ಕ್ರೂಡ್ರೈವರ್ ಇರುವ ಉಗುರಿನ ಅರ, ಚಿಮುಟ, ಹಲ್ಲುಕಡ್ಡಿ. ಬೀಗದಕೈ ಗೊಂಚಲಿಗೆ ಸಿಕ್ಕಿಸಿದರೆ ಇರುವುದೇ ಗೊತ್ತಾಗುವುದಿಲ್ಲ.

ಪೇಟೆಯಲ್ಲಿ, ಕಚೇರಿಯಲ್ಲಿ, ಮನೆಯಲ್ಲಿ ಅಲಗಿಗಿಂತ ಮೂರು ಪಟ್ಟು ಹೆಚ್ಚು ಕೈಗೆ ಬರುವುದು ಕತ್ತರಿ. ಔಷಧದ ಹಾಳೆ, ಹಾಲಿನ ಪ್ಯಾಕೆಟ್ಟು, ಕೊರಿಯರ್ ಲಕೋಟೆ, ಅಂಗಿಯ ನೂಲು, ಗಾಯದ ಪಟ್ಟಿ, ಎಲ್ಲಕ್ಕೂ ಅದೇ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದಕ್ಕೂ ಅಷ್ಟೇ. ಆ ಸರಪಳಿ ಹೊಲಿಗೆ ಒಂದು ತುದಿಯಿಂದ ಎಳೆದರೆ ಸರಸರನೆ ಬಿಚ್ಚುತ್ತದೆ, ಇನ್ನೊಂದು ತುದಿಯಿಂದ ಎಳೆದರೆ ಇನ್ನಷ್ಟು ಬಿಗಿಯುತ್ತದೆ. ಬಾಲದ ನೂಲನ್ನು ಚೀಲದ ಅಂಚಿಗೆ ಸರಿಯಾಗಿ ಕತ್ತರಿಸಿ ಎಳೆಯಿರಿ. ಬಿಗಿದರೆ ಇನ್ನೊಂದು ತುದಿಗೆ ಹೋಗಿ. ಅಲಗು ಹಾಕಿ ಸೀಳಿದರೆ ಚೀಲ ಹಾಳು, ಮತ್ತೆ ಅಡಿಕೆ ತುಂಬಲು ಬರುವುದಿಲ್ಲ.

ಇದರ ಮಿತಿಯೂ ಸ್ಪಷ್ಟ. ಅಲಗಿಗೆ ಲಾಕ್ ಇಲ್ಲ, ಬೆನ್ನಿನ ಸ್ಪ್ರಿಂಗ್ ಮಾತ್ರ ಹಿಡಿದಿರುತ್ತದೆ. ಅರದ ತುದಿಯನ್ನು ಬಿಗಿಯಾದ ಸ್ಕ್ರೂಗೆ ಹಾಕಿ ತಿರುಗಿಸಿದರೆ ತುದಿ ತಿರುಚಿಕೊಳ್ಳುತ್ತದೆ. ರಿಮೋಟಿನ ಸ್ಕ್ರೂಗೆ ಸಾಕು, ಸ್ವಿಚ್‌ಬೋರ್ಡಿಗೆ ಸಾಲದು.

ಹಂಟ್ಸ್‌ಮನ್

91 ಮಿ.ಮೀ., ಸುಮಾರು 97 ಗ್ರಾಂ. ದೊಡ್ಡ ಅಲಗು, ಚಿಕ್ಕ ಅಲಗು, ಕತ್ತರಿ, ಮರದ ಗರಗಸ, ಡಬ್ಬಿ ತೆರೆಯುವ ಕೊಕ್ಕು, 6 ಮಿ.ಮೀ. ಸ್ಕ್ರೂಡ್ರೈವರ್ ಇರುವ ಬಾಟಲಿ ಓಪನರ್, ತೂತು ಕೊರೆಯುವ ದಬ್ಬಳ, ಕೊಕ್ಕೆ, ಚಿಮುಟ. ಸ್ಟಾರ್ ಸ್ಕ್ರೂಡ್ರೈವರ್ ಬೇರೆಯಾಗಿ ಇಲ್ಲ ಎಂದು ಕೆಲವರು ಬಿಟ್ಟುಬಿಡುತ್ತಾರೆ. ಬಿಡಬೇಕಿಲ್ಲ. ಡಬ್ಬಿ ತೆರೆಯುವ ಕೊಕ್ಕಿನ 3 ಮಿ.ಮೀ. ತುದಿ ಮಧ್ಯಮ ಗಾತ್ರದ ಸ್ಟಾರ್ ಸ್ಕ್ರೂಗಳಲ್ಲಿ ಚೆನ್ನಾಗಿ ಕೂರುತ್ತದೆ. ಮಿಕ್ಸರ್‌ನ ತಳ, ಬೈಕಿನ ಪಕ್ಕದ ಪ್ಯಾನೆಲ್ಲು, ಪ್ಲಗ್ಗಿನ ಮುಚ್ಚಳ ಇವಕ್ಕೆಲ್ಲ ಸಾಕಾಗುತ್ತದೆ.

ಗರಗಸ ಮೊದಲ ನೋಟಕ್ಕೆ ಆಟಿಕೆಯಂತೆ ಕಂಡರೂ ಕೆಲಸ ಮಾಡುತ್ತದೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಹಸಿ ಕೊಂಬೆಯವರೆಗೆ ಚೆನ್ನಾಗಿ ಕೊಯ್ಯುತ್ತದೆ. ಕೊಂಬೆಯ ದಪ್ಪ ಅಲಗಿನ ಅರ್ಧ ಉದ್ದ ದಾಟಿದರೆ ಪುಡಿ ಹೊರಗೆ ಬೀಳಲು ಎಳೆತ ಸಾಲುವುದಿಲ್ಲ. ಹಲ್ಲಿನ ನಡುವೆ ಪುಡಿ ತುಂಬಿ ಗರಗಸ ಅಲ್ಲೇ ಕಚ್ಚಿಕೊಳ್ಳುತ್ತದೆ, ಆಗ ಬಲ ಹಾಕಿದವರೇ ಅಲಗು ಬಗ್ಗಿಸಿಕೊಳ್ಳುವುದು.

ಚಿಮುಟದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಸಿದ್ದಾಪುರ, ಶಿರಸಿ ಕಡೆ ಅದು ಮುಳ್ಳು ತೆಗೆಯುವುದಕ್ಕಷ್ಟೇ ಅಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, ಅದನ್ನು ಹರಡುವುದು ಉಣುಗು (ಉಣ್ಣಿ). ಸೊಪ್ಪಿನ ಬೆಟ್ಟಕ್ಕೆ ಹೋಗಿ ಬಂದವರ ಮೈಗೆ ಉಣುಗು ಕಚ್ಚಿದ್ದರೆ ಉಗುರಿನಿಂದ ಚಿವುಟಬೇಡಿ, ಬೆಂಕಿಕಡ್ಡಿ ತಾಗಿಸಬೇಡಿ. ಚಿಮುಟವನ್ನು ಚರ್ಮಕ್ಕೆ ತಾಗಿಸಿ, ಉಣುಗಿನ ಹೊಟ್ಟೆ ಬಿಟ್ಟು ಬಾಯಿಯ ಬುಡದಲ್ಲಿ ಹಿಡಿದು, ತಿರುಚದೆ ನೇರ ಮೇಲಕ್ಕೆ ನಿಧಾನವಾಗಿ ಎಳೆಯಿರಿ. ನಂತರ ಆ ಜಾಗಕ್ಕೂ ಕೈಗೂ ಚಿಮುಟಕ್ಕೂ ಸೋಪು ನೀರು. ಹಂಟ್ಸ್‌ಮನ್ ಚಿಮುಟದ ತುದಿ ಅಗಲ, ದೊಡ್ಡ ಉಣುಗಿಗೆ ಒಳ್ಳೆಯದು. ಎಳ್ಳಿನಷ್ಟಿರುವ ಮರಿ ಉಣುಗಿಗೆ ಚೂಪು ತುದಿಯ ಬೇರೆ ಚಿಮುಟವೇ ಬೇಕು. ಮೂರ್ನಾಲ್ಕು ಗ್ರಾಂ ತೂಗುವ ಒಂದನ್ನು ಪರ್ಸಿನಲ್ಲಿ ಇಟ್ಟುಕೊಳ್ಳಿ. (ಉಂಬಳಕ್ಕೆ, ಅಂದರೆ ಜಿಗಣೆಗೆ, ಇದ್ಯಾವುದೂ ಬೇಡ, ಉಪ್ಪು ಸಾಕು.)

ಇಡುವ ಜಾಗ ಪ್ಯಾಂಟಿನ ಕಿಸೆ. ಲುಂಗಿ, ಪಂಚೆ ಉಟ್ಟವರು ಅಂಗಿಯ ಎದೆಕಿಸೆಗೆ ಹಾಕಿದರೆ ಬಾವಿಗೋ ಹಳ್ಳಕ್ಕೋ ಬಗ್ಗಿದಾಗ 97 ಗ್ರಾಂ ಜಾರಿ ಬೀಳುತ್ತದೆ. ಹಿಂಬದಿಯ ಬಳೆಗೆ ಒಂದು ಗೇಣು ದಾರ ಕಟ್ಟಿ ಗುಂಡಿಗೆ ಸಿಕ್ಕಿಸಿಕೊಳ್ಳಿ.

ವೇವ್ ಪ್ಲಸ್

ಮಡಚಿದಾಗ 10 ಸೆಂ.ಮೀ., ತೂಕ 241 ಗ್ರಾಂ. ಪಕ್ಕಡ, ಬದಲಿಸಬಹುದಾದ ತಂತಿ ಕತ್ತರಿಸುವ ಬಾಯಿ, ಸಾದಾ ಅಲಗು, ಹಲ್ಲಿನ ಅಲಗು, ಗರಗಸ, ಅರ, ಕತ್ತರಿ, ಬದಲಿಸಬಹುದಾದ ತುದಿ (ಬಿಟ್) ಹಾಕುವ ಎರಡು ಸ್ಕ್ರೂಡ್ರೈವರ್. ಅಲಗುಗಳೆಲ್ಲ ಲಾಕ್ ಆಗುತ್ತವೆ, ಪಕ್ಕಡ ಬಿಚ್ಚದೆ ಒಂದೇ ಕೈಯಲ್ಲಿ ತೆರೆಯಬಹುದು. ಬೆಲೆ ಐದಂಕಿ. ಕಂಪನಿ ಕೊಡುವ ವಾರಂಟಿ 25 ವರ್ಷ.

ತೋಟದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಔಷಧಿ ಹೊಡೆಯುವಾಗ ಪೈಪಿನ ಕ್ಲಿಪ್ಪು ಸಡಿಲಾದರೆ ಬಿಗಿಯಲು, ಬೇಲಿಯ ಬೈಂಡಿಂಗ್ ವಾಯರ್ ತಿರುಚಲು, 16 ಮಿ.ಮೀ. ಡ್ರಿಪ್ ಪೈಪು ಕೊಯ್ಯಲು, ಸ್ಪ್ರಿಂಕ್ಲರ್ ನಳಿಕೆ ಬಿಚ್ಚಲು ಪ್ರತಿ ಸಲ ಮನೆಗೆ ಓಡಬೇಕಿಲ್ಲ. ದೋಣಿಯಲ್ಲಾದರೆ ಹಲ್ಲಿನ ಅಲಗಿಗೆ ಎದುರಿಲ್ಲ. ಒದ್ದೆ ನೈಲಾನ್ ಹಗ್ಗದ ಮೇಲೆ ಸಾದಾ ಅಲಗು ಜಾರುತ್ತದೆ, ಹಲ್ಲು ಕಚ್ಚಿ ಕೊಯ್ಯುತ್ತದೆ.

ಹಾಳಾಗುವುದು ಎಲ್ಲಿ? ಮೊದಲನೆಯದು ತಂತಿ ಕತ್ತರಿಸುವ ಬಾಯಿ. ಮೆತ್ತಗಿನ ಬೈಂಡಿಂಗ್ ವಾಯರ್, ತಾಮ್ರದ ತಂತಿ ಸರಿ. ಕ್ಲಚ್ ಕೇಬಲ್, ಸ್ಪ್ರಿಂಗಿನ ಗಟ್ಟಿ ತಂತಿ ಹಾಕಿದರೆ ಬಾಯಲ್ಲಿ ಕಚ್ಚು ಬೀಳುತ್ತದೆ. ಗಟ್ಟಿ ತಂತಿಗೆಂದು ಬುಡದಲ್ಲಿ ಬೇರೆ ತೋಡು ಇದೆ, ಅಲ್ಲೇ ಹಾಕಬೇಕು. ಎರಡನೆಯದು ನಟ್ಟು. 10, 12 ಮಿ.ಮೀ. ನಟ್ಟನ್ನು ಪಕ್ಕಡದಲ್ಲಿ ಹಿಡಿದು ತಿರುಗಿಸಿದರೆ ಮೂಲೆಗಳು ಸವೆದು ಗುಂಡಗಾಗುತ್ತವೆ, ಆಮೇಲೆ ಸರಿಯಾದ ಪಾನಾ ತಂದರೂ ಹಿಡಿಯುವುದಿಲ್ಲ. ಬೈಕಿಗೆ ಪಾನಾ ಬೇರೆಯೇ ಇರಲಿ.

ಮೂರನೆಯದು ಜೀವದ ಪ್ರಶ್ನೆ. ಇದರ ಹಿಡಿಕೆ ಪೂರ್ತಿ ಉಕ್ಕು, ಕರೆಂಟು ತಡೆಯುವ ಹೊದಿಕೆ ಇಲ್ಲ. ಮಳೆಗಾಲದಲ್ಲಿ ಫ್ಯೂಸು ಹೋದಾಗ ಒದ್ದೆ ನೆಲದ ಮೇಲೆ ನಿಂತು ಇದನ್ನು ಹಿಡಿದು ಬೋರ್ಡಿಗೆ ಕೈ ಹಾಕಲೇಬಾರದು. ಮೇನ್ ಸ್ವಿಚ್ ಇಳಿಸಿ, ಟೆಸ್ಟರ್ ಹಿಡಿದು ನೋಡಿ. ಆ ಟೆಸ್ಟರ್ ಬೆಳಗುತ್ತದೆಯೇ ಎಂದು ಮೊದಲೇ ಕರೆಂಟಿರುವ ಪ್ಲಗ್ಗಿನಲ್ಲಿ ಪರೀಕ್ಷಿಸಿರಬೇಕು. ಆಮೇಲೂ ಹೊದಿಕೆಯ ಪಕ್ಕಡವನ್ನೇ ಬಳಸಿ.

ಇನ್ನು ತೂಕ. 241 ಗ್ರಾಂ ಪ್ಯಾಂಟಿನ ಕಿಸೆಯಲ್ಲಿ ತೊಡೆಗೆ ಬಡಿಯುತ್ತದೆ, ಕೆಲವೇ ತಿಂಗಳಲ್ಲಿ ಕಿಸೆಯ ಮೂಲೆಯ ಹೊಲಿಗೆ ಬಿಡುತ್ತದೆ. ಬೆಲ್ಟಿನ ಚೀಲಕ್ಕೆ ಹಾಕಿದರೆ ಬೈಕಿನ ಮೇಲೆ ಸೊಂಟಕ್ಕೆ ಒತ್ತುತ್ತದೆ. ತೋಟಕ್ಕೆ ಹೋಗುವ ದಿನ ಸರಿ, ಬ್ಯಾಂಕಿಗೋ ಮದುವೆ ಮನೆಗೋ ಹೊರಟ ದಿನ ಅದು ಮೇಜಿನ ಮೇಲೇ ಉಳಿಯುತ್ತದೆ.

ಕತ್ತಿ, ಪಕ್ಕಡ, ಟೆಸ್ಟರ್

ಕಡಿಮೆ ದುಡ್ಡಿನ ದಾರಿ ಇದು. ಕೆಲಸದ ಗುಣಮಟ್ಟದಲ್ಲಿ ಮುಂದಿರುವುದೂ ಇದೇ. 8 ಇಂಚಿನ ಹೊದಿಕೆಯ ಪಕ್ಕಡ ವೇವ್‌ಗಿಂತ ಬಿಗಿಯಾಗಿ ಹಿಡಿಯುತ್ತದೆ, ಟೆಸ್ಟರ್ ಕರೆಂಟು ತೋರಿಸುತ್ತದೆ. ಆದರೆ ಬೇಕಾದಾಗ ಇವು ಬೈಕಿನ ಡಬ್ಬಿಯಲ್ಲಿರುತ್ತವೆ, ಬೈಕು ತೋಟದ ಆ ತುದಿಯಲ್ಲಿರುತ್ತದೆ.

ಆಚಾರಿಯ ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಮಾಡಿದ ಕತ್ತಿಯ ಮಾತೇ ಬೇರೆ. ಎಳನೀರು ಕೆತ್ತುವುದು, ಅಡಿಕೆ ಹಾಳೆ ಸೀಳುವುದು, ಬಾಳೆ ಕಡಿಯುವುದು, ಇವನ್ನು ಮಡಚುವ ಅಲಗಿನಿಂದ ಮಾಡಹೋದರೆ ಕೀಲಿನ ರಿವೆಟ್ಟು ಸಡಿಲಾಗುತ್ತದೆ. ಕತ್ತಿಯ ಏಟಿನ ಭಾರ ಪೂರ್ತಿ ಅಲಗಿನ ಮೇಲೆ ಬೀಳುತ್ತದೆ, ಮಡಚುವ ಚಾಕುವಿನಲ್ಲಿ ಅದೆಲ್ಲ ಒಂದು ಮೊಳೆಯ ಮೇಲೆ.

ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣದ ಪರೀಕ್ಷೆಗೂ ಬೇಕಾದದ್ದು ಸಾದಾ ಕಬ್ಬಿಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಕೂಡಿಸಿದ ಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ, ಸುಣ್ಣದ ತಿಳಿ ಹಾಕುತ್ತ ಕೆಂಪು ಬಾರದ ತನಕ ನೋಡಬೇಕು. ಸುಣ್ಣ ಸಾಲದ ದ್ರಾವಣ ಹೊಡೆದರೆ ಅಡಿಕೆಯ ಸಿಂಗಾರ (ಹೂಗೊಂಚಲು), ಎಲೆ ಸುಡುತ್ತವೆ. ಮಲ್ಟಿಟೂಲಿನ ಸ್ಟೇನ್‌ಲೆಸ್ ಅಲಗನ್ನು ಈ ಪರೀಕ್ಷೆಗೆ ನಂಬಬೇಡಿ. ಅದರ ಮೇಲ್ಮೈಯಲ್ಲಿರುವ ಕ್ರೋಮಿಯಂ ಪದರ ತಾಮ್ರ ಕೂರುವುದನ್ನು ತಡೆಯುತ್ತದೆ, ದ್ರಾವಣ ಸರಿಯಿಲ್ಲದಿದ್ದರೂ ಸರಿಯಿದ್ದಂತೆ ಕಾಣಬಹುದು. ಔಷಧಿ ಹೊಡೆದ ದಿನ ಮಲ್ಟಿಟೂಲನ್ನು ತೊಳೆಯದೆ ಮಡಚಿಡುವುದೂ ತಪ್ಪು. ಹಾಗೆಯೇ, ನಳಿಕೆ ಕಟ್ಟಿದಾಗ ಅದರ ದಬ್ಬಳ ತೂರಿಸಬೇಡಿ. ಹಿತ್ತಾಳೆಯ ತೂತು ದೊಡ್ಡದಾಗಿ ಮಂಜಿನಂತೆ ಬೀಳಬೇಕಾದ ಔಷಧಿ ಹನಿಯಾಗಿ ಬೀಳುತ್ತದೆ. ಹಿಡಿಕಡ್ಡಿ (ಪೊರಕೆಯ ಕಡ್ಡಿ) ಸಾಕು.

ಕಸಿ ಕಟ್ಟುವುದಕ್ಕೂ ಮಲ್ಟಿಟೂಲ್ ಬೇಡ. ಎರಡೂ ಬದಿ ಇಳಿಜಾರಿರುವ ಅಲಗು ಅಪ್ಪೆಮಿಡಿ ಮಾವಿನ ಕಡ್ಡಿಯನ್ನು ಸಪಾಟಾಗಿ ಕೊಯ್ಯುವುದಿಲ್ಲ, ಸಂದು ಉಳಿದರೆ ಕಸಿ ಕೂಡುವುದಿಲ್ಲ. ಒಂದೇ ಬದಿ ಮಸೆದ ಕಸಿ ಚಾಕು ಇಟ್ಟುಕೊಳ್ಳಿ.

ಉಪ್ಪು, ತೇವ, ಎಣ್ಣೆ

ಸ್ಟೇನ್‌ಲೆಸ್ ಎಂದರೆ ತುಕ್ಕು ಹಿಡಿಯದ್ದು ಎಂದಲ್ಲ, ನಿಧಾನವಾಗಿ ಹಿಡಿಯುವಂಥದ್ದು. ಬೈತಖೋಲ, ತದಡಿಯಂಥ ಬಂದರಿನಲ್ಲಿ ದಿನ ಕಳೆದರೆ ಉಪ್ಪು ಕೀಲಿನೊಳಗೆ ಸೇರಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳಿಂದ ಶುರುವಾಗುತ್ತದೆ. ಮೊದಲು ಕಾಣುವುದು ಅಲಗಿನಲ್ಲಲ್ಲ, ಕತ್ತರಿಯ ಸ್ಪ್ರಿಂಗಿನಲ್ಲಿ ಮತ್ತು ಬೆನ್ನಿನ ಸಂದಿನಲ್ಲಿ. ತೊಗಲಿನ ಚೀಲ ನೋಡಲು ಚೆಂದ, ಕರಾವಳಿಗೆ ಅದು ಕೆಟ್ಟದು. ತೇವವನ್ನೂ ಉಪ್ಪನ್ನೂ ಹೀರಿ ಉಕ್ಕಿಗೆ ತಾಗಿಸಿಯೇ ಇಟ್ಟಿರುತ್ತದೆ.

ಸಮುದ್ರದ ಕಡೆ ಹೋದ ದಿನ ಸಂಜೆಯೇ, ಉಳಿದವರು ಮಳೆಗಾಲದಲ್ಲಿ ವಾರಕ್ಕೊಮ್ಮೆ ಇಷ್ಟು ಮಾಡಿ. ಎಲ್ಲ ಅಲಗು ಬಿಚ್ಚಿ, ಉಗುರುಬೆಚ್ಚನೆಯ ಸೋಪು ನೀರಿನಲ್ಲಿ ಮುಳುಗಿಸಿ ಒಂದೊಂದನ್ನೂ ಹತ್ತು ಸಲ ತೆರೆದು ಮುಚ್ಚಿ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸಂದು ಉಜ್ಜಿ, ಸಿಹಿನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬಿಚ್ಚಿಟ್ಟ ಹಾಗೆಯೇ ರಾತ್ರಿಯಿಡೀ ಫ್ಯಾನಿನ ಕೆಳಗೆ ಇಡಿ. ಒಲೆಯ ದಂಡೆಯ ಮೇಲೆ ಬೇಡ, ಹಂಟ್ಸ್‌ಮನ್, ಕ್ಲಾಸಿಕ್‌ಗಳ ಕೆಂಪು ಹಿಡಿಕೆ ಪ್ಲಾಸ್ಟಿಕ್ಕು. ಬೆಳಿಗ್ಗೆ ಪ್ರತಿ ಕೀಲಿಗೆ ಹೊಲಿಗೆ ಮಷಿನಿನ ಎಣ್ಣೆ ಒಂದೊಂದು ಹನಿ. ಕೊಬ್ಬರಿ ಎಣ್ಣೆ ಹಾಕಬೇಡಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಶಿರಸಿಯ ಡಿಸೆಂಬರ್ ಚಳಿಗೆ ಕೀಲು ಬಿಗಿಯಾಗುತ್ತದೆ, ಕಿಸೆಯ ಧೂಳು ಸೇರಿ ಅಂಟಾಗುತ್ತದೆ. ಅದರ ಉಪಯೋಗ ಹಲಸಿನ ಹಣ್ಣು ಕೊಯ್ಯುವ ಮುಂಚೆ ಅಲಗಿಗೆ ಸವರುವುದಕ್ಕೆ, ಮೇಣ ಅಂಟುವುದಿಲ್ಲ.

ಮಸೆಯಲು ನಯವಾದ ಕಲ್ಲು, ಪ್ರತಿ ಬದಿಗೆ 15ರಿಂದ 20 ಡಿಗ್ರಿ ಓರೆ. ಸಾಣೆ ಚಕ್ರಕ್ಕೆ ಕೊಟ್ಟರೆ ತೆಳು ಅಲಗು ಕಾದು ನೀಲಿಗಟ್ಟಿ ಹದ ಹೋಗುತ್ತದೆ, ಮತ್ತೆ ಹರಿತ ನಿಲ್ಲುವುದಿಲ್ಲ.

ದಾಬೋಳಿಗೋ ಮೋಪಾಕ್ಕೋ ಹುಬ್ಬಳ್ಳಿಗೋ ವಿಮಾನಕ್ಕೆ ಹೊರಟರೆ ಬೀಗದಕೈ ಗೊಂಚಲಿನ ಕ್ಲಾಸಿಕ್ ಮರೆತು ಹೋಗುವುದೇ ಹೆಚ್ಚು. ಕೈಚೀಲದಲ್ಲಿ ಅಲಗು ಬಿಡುವುದಿಲ್ಲ, ಚೆಕ್‌-ಇನ್ ಪೆಟ್ಟಿಗೆಗೆ ಹಾಕಿಬಿಡಿ.

ಅಗ್ಗದ ನಕಲು

ನೂರಿನ್ನೂರು ರೂಪಾಯಿಗೆ ಪಕ್ಕಡದ ಮಲ್ಟಿಟೂಲ್‌ಗಳೂ ಸಿಗುತ್ತವೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ನಾಲ್ಕು ನೋಡಿ. ಪಕ್ಕಡದ ಬಾಯಿ ಮುಚ್ಚಿ ಬೆಳಕಿಗೆ ಹಿಡಿದಾಗ ತುದಿಗಳು ಒಂದರ ಎದುರು ಒಂದು ಕೂರಬೇಕು, ಒಂದು ಪಕ್ಕಕ್ಕೆ ಸರಿದಿದ್ದರೆ ಸಣ್ಣ ತಂತಿ ಹಿಡಿಯುವುದಿಲ್ಲ. ಅಲಗು ಬಿಚ್ಚಿ ಎಡಬಲಕ್ಕೆ ಅಲ್ಲಾಡಿಸಿದಾಗ ಕೀಲು ಕುಲುಕಬಾರದು. ಒಂದು ಉಪಕರಣ ತೆರೆಯಲು ಹೋದರೆ ಪಕ್ಕದ ಮೂರು ಜೊತೆಗೆ ಏಳಬಾರದು. ಕೊನೆಯದು ಲಾಕು: ಅಲಗನ್ನು ಪೂರ್ತಿ ತೆರೆದು, ಬೆರಳುಗಳನ್ನು ಅಂಚಿನ ದಾರಿಯಿಂದ ಹೊರಗಿಟ್ಟುಕೊಂಡು, ಅಲಗಿನ ಬೆನ್ನನ್ನು ಮರದ ಮೇಜಿಗೆ ಮೆಲ್ಲನೆ ಎರಡು ಸಲ ತಟ್ಟಿ. ಮಡಚಿಕೊಂಡರೆ ಅಲ್ಲೇ ಇಟ್ಟು ಬನ್ನಿ.