ಒಂದು ದಿನದ ನೀರಾವರಿ ಮಂತ್ರಿ

ಮೊದಲೇ ಹೇಳಿಬಿಡುತ್ತೇನೆ, ನಾನು ಹೋಗಿದ್ದ ಮಾತುಕತೆ ವರ್ಕ್‌ಶಾಪಿನಲ್ಲಿ ಪಾತ್ರ ಕೊಟ್ಟು ಆಡಿಸಿದ ಆಟದ, ಅಂದರೆ ಸಿಮ್ಯುಲೇಷನ್ನಿನ, ಅಂಕಿಗಳನ್ನು ಇಲ್ಲಿ ಬೇಕಂತಲೇ ಬದಲಿಸಿದ್ದೇನೆ. ಅದು ಮುಗಿದ ಮೇಲೆ, ಒಬ್ಬೊಬ್ಬರ ಪಾತ್ರಕ್ಕೂ ಬೇರೆ ಬೇರೆ ಸೂಚನೆ ಬರೆದಿದ್ದ ಗುಟ್ಟಿನ ಹಾಳೆಯನ್ನು ಎಲ್ಲರಿಂದಲೂ ವಾಪಸ್ ತೆಗೆದುಕೊಂಡರು. ಅದೇ ಕೇಸನ್ನು ಮುಂದಿನ ತಂಡಕ್ಕೂ ಕೊಡುತ್ತಾರಂತೆ. ಉತ್ತರ ಓದಿಕೊಂಡು ಆಟಕ್ಕೆ ಹೋದರೆ ಮಜಾ ಇರುವುದಿಲ್ಲ, ಕಟ್ಟಿದ ದುಡ್ಡೂ ದಂಡ.

ಅಂತರರಾಷ್ಟ್ರೀಯ ಮಾತುಕತೆ ಕಲಿಸುವ ಮೂರು ದಿನದ ವರ್ಕ್‌ಶಾಪ್ ಅದು. ನಾವು 24 ಜನ. ನನ್ನ ಕೆಲಸವೇ ಬೇರೆ ದೇಶದ ಸಪ್ಲೈಯರ್‌ಗಳ ಜೊತೆ ಕರಾರು ಮಾತಾಡುವುದು. ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ. ನನಗೆ ಹೊಸದಾಗಿ ಇನ್ನೇನು ಹೇಳಿಕೊಟ್ಟಾರು ಅನ್ನುವ ಸಣ್ಣ ಜಂಬ ಇಟ್ಟುಕೊಂಡೇ ಹೋಗಿದ್ದೆ.

ಮೊದಲ ದಿನ ಆ ಜಂಬಕ್ಕೆ ಏನೂ ಆಗಲಿಲ್ಲ. ಸ್ಲೈಡ್ ಮೇಲೆ ಸ್ಲೈಡ್. 1981ರಲ್ಲಿ ಮಾತುಕತೆ ತಜ್ಞರಾದ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ ಕೊಟ್ಟ 'ಬ್ಯಾಟ್ನಾ' ಅನ್ನುವ ಮಾತನ್ನು ಒಂದು ಗಂಟೆ ವಿವರಿಸಿದರು. ಈ ಒಪ್ಪಂದ ಮುರಿದು ಬಿದ್ದರೆ ನನ್ನ ಕೈಯಲ್ಲಿ ಉಳಿಯುವ ಒಳ್ಳೆಯ ದಾರಿ ಯಾವುದು, ಅಷ್ಟೇ ಅದರ ಅರ್ಥ. ಹತ್ತು ನಿಮಿಷ ಸಾಕಿತ್ತು. ಮಧ್ಯಾಹ್ನ ಇಬ್ಬಿಬ್ಬರನ್ನು ಕೂರಿಸಿ ಬೆಲೆ ಮಾತಾಡಿಸಿದ್ದು ಚೆನ್ನಾಗಿತ್ತು. ಮೊದಲು ಬಾಯಿಗೆ ಬಂದ ಅಂಕಿಯ ಸುತ್ತಲೇ ಇಡೀ ಮಾತು ಸುತ್ತುತ್ತದೆ ಅನ್ನುವುದು ಕಣ್ಣಿಗೇ ಕಂಡಿತು.

ಎರಡನೇ ದಿನವೇ ನಿಜವಾದ ಪಾಠ.

ಒಂದು ನದಿ, ಎರಡು ಕಾಲ್ಪನಿಕ ದೇಶ. ಮೇಲಿನ ದೇಶದ ಕೈಯಲ್ಲಿ ದೊಡ್ಡ ಅಣೆಕಟ್ಟು, ಕೆಳಗಿನ ದೇಶದಲ್ಲಿ ಹೊಲಗದ್ದೆ. ಒಂದೊಂದು ಮೇಜಿಗೆ ಎಂಟು ಜನ: ಮೂರು ಮೂರು ಜನರ ಎರಡು ನಿಯೋಗ, ಸಾಲ ಕೊಡುವ ಬ್ಯಾಂಕಿನವರು ಇಬ್ಬರು. ನಾನು ಕೆಳಗಿನ ದೇಶದ ನೀರಾವರಿ ಮಂತ್ರಿ. ನನ್ನ ಗುಟ್ಟಿನ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು ಇತ್ತು. ಬೇಸಿಗೆಯ ನೀರಿನಲ್ಲಿ ನೂರಕ್ಕೆ 60 ಪಾಲು ಸಿಗದೆ ಸಹಿ ಹಾಕುವಂತಿಲ್ಲ.

ತಯಾರಿಗೆ ನಮ್ಮ ನಿಯೋಗಕ್ಕೆ ಕೊಟ್ಟಿದ್ದು ಇಪ್ಪತ್ತು ನಿಮಿಷ. ಅದರಲ್ಲಿ ಹದಿನೈದು ನಿಮಿಷ ಯಾರು ಮೊದಲು ಮಾತಾಡಬೇಕು ಅನ್ನುವುದರಲ್ಲೇ ಹೋಯಿತು. ನಾನೇ ಮಾತಾಡುತ್ತೇನೆ ಅಂದೆ. ಹನ್ನೊಂದು ವರ್ಷದ ಅನುಭವ, ಅಲ್ವಾ?

ಕೂತ ತಕ್ಷಣ 80 ಬೇಕು ಅಂದೆ. ಅವರು 35 ಅಂದರು. ಅಲ್ಲಿಂದ ಎರಡು ಗಂಟೆ ಹಗ್ಗ ಜಗ್ಗಾಟ. ನಾನು ಹಿಡಿದ ಮೊಲಕ್ಕೂ ಮೂರೇ ಕಾಲು, ಅವರು ಹಿಡಿದ ಮೊಲಕ್ಕೂ ಮೂರೇ ಕಾಲು. ಇನ್ನು ಕಾಲು ಗಂಟೆ ಉಳಿದಿರುವಾಗ ಪಕ್ಕದ ಮೇಜಿನವರು ಒಪ್ಪಂದ ಮುಗಿಸಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯೇ ನನ್ನನ್ನು ಕೆಡಿಸಿದ್ದು. ನಾವಷ್ಟೇ ಬರಿಗೈಯಲ್ಲಿ ಏಳುವುದೇ ಅನ್ನಿಸಿ 54ಕ್ಕೆ ಸಹಿ ಹಾಕಿದೆ. ಹೌದು, 60ಕ್ಕಿಂತ ಕಡಿಮೆಗೆ. ಬ್ಯಾಟ್ನಾ ಪಾಠ ಕೇಳಿ ಇನ್ನೂ ಒಂದು ದಿನವೂ ಕಳೆದಿರಲಿಲ್ಲ.

ಆಮೇಲೆ ಡಿಬ್ರೀಫಿಂಗ್, ಅಂದರೆ ಆಡಿದ ಆಟವನ್ನು ಬಿಚ್ಚಿ ನೋಡುವ ಹೊತ್ತು. ನಡೆಸಿಕೊಡುತ್ತಿದ್ದವರು ಎಲ್ಲರ ಗುಟ್ಟಿನ ಹಾಳೆಗಳನ್ನು ಗೋಡೆಗೆ ಸಾಲಾಗಿ ಅಂಟಿಸಿದರು. ಮೇಲಿನ ದೇಶದವರಿಗೆ ನೀರಿನ ಮೇಲೆ ಆಸೆಯೇ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಚಳಿಗಾಲದ ಕರೆಂಟು. ಬೇಸಿಗೆಯಲ್ಲಿ ನೀರು ಬಿಟ್ಟರೆ ಚಳಿಗಾಲದಲ್ಲಿ ಟರ್ಬೈನ್ ತಿರುಗಿಸಲು ಏನು ಉಳಿಯುತ್ತದೆ ಅನ್ನುವ ಭಯ, ಅಷ್ಟೇ. ಇನ್ನೊಂದು ಹಾಳೆಯಲ್ಲಿ, ಕೆಳಗಿನ ದೇಶದಲ್ಲಿ ಕಲ್ಲಿದ್ದಲು ಮತ್ತು ಗ್ಯಾಸ್ ಜಾಸ್ತಿ ಇದೆ, ಕೊಳ್ಳುವವರು ಬೇಕು ಅಂತ ಬರೆದಿತ್ತು. ಚಳಿಗಾಲಕ್ಕೆ ಇಂಧನ ಕೊಡುತ್ತೇವೆ, ಬೇಸಿಗೆಯಲ್ಲಿ ನೀರು ಬಿಡಿ. ಇಷ್ಟೇ ಒಪ್ಪಂದ.

ಆ ಇಂಧನದ ಹಾಳೆ ಇದ್ದದ್ದು ನನ್ನ ಪಕ್ಕದಲ್ಲೇ ಕೂತಿದ್ದ ನಮ್ಮದೇ ಹಣಕಾಸು ಮಂತ್ರಿಯ ಹತ್ತಿರ.

"ಮೊದಲೇ ಹೇಳಬಾರದಿತ್ತಾ ಸರ್?" ಅಂದೆ.

"ನೀವು ಕೇಳಲೇ ಇಲ್ಲವಲ್ಲ ಮೇಡಂ" ಅಂದರು. ವ್ಯಂಗ್ಯವೂ ಇರಲಿಲ್ಲ, ಪಾಪ.

ಇದು ಬರೀ ಪಾಠಕ್ಕೆ ಕಟ್ಟಿದ ಕತೆಯಲ್ಲ ಅಂತ ಆಮೇಲೆ ಗೊತ್ತಾಯಿತು. ಮಧ್ಯ ಏಷ್ಯಾದ ಸಿರ್ ದರ್ಯಾ ನದಿಯ ವಿಷಯ ಹೀಗೆಯೇ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಟೊಕ್ಟೊಗುಲ್ ಜಲಾಶಯ ಮೇಲಿನ ಕಿರ್ಗಿಸ್ತಾನಕ್ಕೆ ಉಳಿಯಿತು. ಹತ್ತಿ ಬೆಳೆಯುವ ಹೊಲಗಳು ಕೆಳಗಿನ ಉಜ್ಬೇಕಿಸ್ತಾನ, ಕಜಕಿಸ್ತಾನದಲ್ಲಿ ಉಳಿದವು. 1998ರಲ್ಲಿ ಈ ಮೂರು ದೇಶಗಳು ನೀರಿಗೆ ಇಂಧನ ಅನ್ನುವ ಲೆಕ್ಕದಲ್ಲೇ ಒಪ್ಪಂದ ಮಾಡಿಕೊಂಡವು. ಅದೂ ಸರಿಯಾಗಿ ನಡೆಯಲಿಲ್ಲ, ಹೇಳಿದಷ್ಟು ಇಂಧನ ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ. ನಡೆಸಿಕೊಡುತ್ತಿದ್ದವರು ಇದನ್ನು ಮುಚ್ಚಿಡದೆ ಹೇಳಿದ್ದು ನನಗೆ ಹಿಡಿಸಿತು. ರಾಜಕೀಯ ಶಾಸ್ತ್ರಜ್ಞ ರಾಬರ್ಟ್ ಪುಟ್ನಮ್ 1988ರಲ್ಲಿ ಬರೆದ ಎರಡು ಹಂತದ ಆಟದ ಮಾತೂ ಬಂತು. ಎದುರಿನ ದೇಶದ ಜೊತೆ ಒಂದು ಆಟ ನಡೆಯುವಾಗಲೇ ಮನೆಯೊಳಗೆ ಇನ್ನೊಂದು ನಡೆಯುತ್ತಿರುತ್ತದೆ. ನಾನು ಸೋತದ್ದು ಆ ಎರಡನೆಯದರಲ್ಲಿ.

ಮೂರನೇ ದಿನ ಬೆಳಿಗ್ಗೆ ಕರಡು ಬರೆಯುವ ಪಾಠ. ಕರಾರು ಬರೆಯುವವಳಾದ್ದರಿಂದ ನನಗೆ ಹಬ್ಬ. 1978ರಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ ಈಜಿಪ್ಟ್ ಅಧ್ಯಕ್ಷ ಸಾದಾತ್ ಮತ್ತು ಇಸ್ರೇಲ್ ಪ್ರಧಾನಿ ಬೆಗಿನ್ ಮುಖ ಕೊಟ್ಟು ಮಾತಾಡಲಾರದ ಸ್ಥಿತಿಗೆ ಬಂದಾಗ ಅಮೆರಿಕದ ಅಧ್ಯಕ್ಷ ಕಾರ್ಟರ್ ತಂಡ ತಾನೇ ಒಂದು ಕರಡು ಬರೆದು, ಇಬ್ಬರ ಹತ್ತಿರವೂ ಓಡಾಡಿ, ತಿದ್ದಿ ತಿದ್ದಿ ಹದಿಮೂರು ದಿನಕ್ಕೆ ಒಪ್ಪಂದಕ್ಕೆ ತಂದಿತು. ನಮಗೂ ಅದನ್ನೇ ಮಾಡಿಸಿದರು. ಬ್ಯಾಂಕಿನವರು ಮಾತ್ರ ಬರೆಯಬೇಕು. ಎರಡೂ ದೇಶದವರು ಪೆನ್ನು ಮುಟ್ಟುವಂತಿಲ್ಲ, ಯಾವ ಸಾಲು ಯಾಕೆ ಆಗುವುದಿಲ್ಲ ಅಂತ ಬಾಯಲ್ಲಿ ಹೇಳಬೇಕು. ಹಿಂದಿನ ದಿನ ಕಚ್ಚಾಡಿದ ಅದೇ ಎಂಟು ಜನ ಒಂದೂವರೆ ಗಂಟೆಯಲ್ಲಿ ಐದು ಕರಡು ದಾಟಿದೆವು. ಒಪ್ಪಿಗೆಯಾಗದ ಪದಗಳನ್ನು ಚೌಕ ಬ್ರ್ಯಾಕೆಟ್ಟಿನೊಳಗೆ ಹಾಕಿ ಮುಂದೆ ಹೋಗುವ ವಿಶ್ವಸಂಸ್ಥೆಯ ಪದ್ಧತಿಯನ್ನು ಆಫೀಸಿನಲ್ಲೂ ಶುರು ಮಾಡಿದ್ದೇನೆ.

ಒಂದೇ ಪದದ ಬೆಲೆ ತೋರಿಸಲು 2015ರ ಪ್ಯಾರಿಸ್ ಹವಾಮಾನ ಒಪ್ಪಂದದ ಕೊನೇ ಗಳಿಗೆ ಹೇಳಿದರು. ಮುಂದುವರಿದ ದೇಶಗಳು ಹೊಗೆ ಇಳಿಸುವ ಬಗ್ಗೆ ಕರಡಿನಲ್ಲಿ 'ಶಲ್' ಅಂತ ಇತ್ತು. ಅಮೆರಿಕ ಇದಕ್ಕೆ ಸಹಿ ಹಾಕಲಾಗದು ಅಂದಿತು. ಅದು 'ಶುಡ್' ಆಯಿತು. ನಮ್ಮ ಕಾನೂನು ಕನ್ನಡದಲ್ಲಿ ಹೇಳಿದರೆ 'ಮಾಡತಕ್ಕದ್ದು' ಹೋಗಿ 'ಮಾಡಿದರೆ ಒಳ್ಳೆಯದು' ಬಂದ ಹಾಗೆ. 1967ರ ಭದ್ರತಾ ಮಂಡಳಿ ನಿರ್ಣಯ 242ರಲ್ಲಂತೂ ಇಂಗ್ಲಿಷ್ ಪಠ್ಯದಲ್ಲಿ ಒಂದು 'ದಿ' (the) ಇಲ್ಲ, ಫ್ರೆಂಚಿನಲ್ಲಿ ಇದ್ದ ಹಾಗೆ ಓದಬಹುದು. ಆ ವರ್ಷದ ಯುದ್ಧದಲ್ಲಿ ಹಿಡಿದ ಜಾಗದಲ್ಲಿ ಇಸ್ರೇಲ್ ಹಿಂದೆ ಸರಿಯಬೇಕಾದದ್ದು ಎಲ್ಲ ಜಾಗದಿಂದಲೋ ಸ್ವಲ್ಪ ಜಾಗದಿಂದಲೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಕನ್ನಡದಲ್ಲಿ ಆ 'ದಿ'ಯೇ ಇಲ್ಲ, ನಾವು ಬಚಾವ್.

ಇನ್ನು ದೂರು. ಮಧ್ಯಾಹ್ನದ 'ಸಂಸ್ಕೃತಿ' ತರಗತಿ ಸುಮ್ನೆ ವೇಸ್ಟ್. ಈ ದೇಶದವರು ನೇರವಾಗಿ ಹೇಳುತ್ತಾರೆ, ಆ ದೇಶದವರು ಸುತ್ತಿ ಬಳಸಿ ಹೇಳುತ್ತಾರೆ ಅಂತ ರಾಶಿಭವಿಷ್ಯದ ಥರ ಒಂದು ಪಟ್ಟಿ. ಒಂದೇ ದೇಶದ, ಒಂದೇ ಕಂಪನಿಯ ಇಬ್ಬರು ಮ್ಯಾನೇಜರ್‌ಗಳು ಉತ್ತರ ದಕ್ಷಿಣ ಇರುವುದನ್ನು ನಾನು ವಾರವಾರ ನೋಡುತ್ತೇನೆ. ಆ ತರಗತಿ ಎಳೆದದ್ದರಿಂದ ಎರಡನೇ ಸಿಮ್ಯುಲೇಷನ್ನಿನ ಡಿಬ್ರೀಫಿಂಗ್ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ಅದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ಗೋಡೆಗೆ ಹಾಳೆ ಅಂಟಿಸದೆ ಹೋಗಿದ್ದರೆ ನಾನು 54ಕ್ಕೆ ಸಹಿ ಹಾಕಿ, ಚೆನ್ನಾಗಿ ಜಗ್ಗಾಡಿದೆ ಅಂತಲೇ ಮನೆಗೆ ಹೋಗುತ್ತಿದ್ದೆ. ಮೇಜಿಗೊಬ್ಬ ವೀಕ್ಷಕರೂ ಇರಲಿಲ್ಲ. ನಮ್ಮ ಮೇಜಿನ ಒಬ್ಬ ಹುಡುಗಿ ಮೂರು ದಿನದಲ್ಲಿ ಹತ್ತು ವಾಕ್ಯ ಮಾತಾಡಿರಬಹುದು, ಅದನ್ನು ಯಾರೂ ಗಮನಿಸಲಿಲ್ಲ. ನನ್ನಂಥವರು ಬಾಯಿ ಮುಚ್ಚದಿದ್ದರೆ ಅವಳಿಗಾದರೂ ಜಾಗ ಎಲ್ಲಿ?

ಇಂಥ ಕಡೆ ಸೇರುವ ಮುಂಚೆ ಸಿಲಬಸ್ ನೋಡಬೇಡಿ, ಒಂದು ಗಂಟೆ ಆಟಕ್ಕೆ ಎಷ್ಟು ಹೊತ್ತು ಡಿಬ್ರೀಫಿಂಗ್ ಇಡುತ್ತೀರಿ ಅಂತ ಕೇಳಿ. ಅರ್ಧ ಗಂಟೆಗಿಂತ ಕಡಿಮೆ ಅಂದರೆ ನಾನಂತೂ ಸೇರುವುದಿಲ್ಲ. ವಿದೇಶದವರ ಜೊತೆ ಇನ್ನೂ ಒಂದು ಕರಾರನ್ನೂ ಮಾತಾಡದವರಿಗೆ ಇದು ಸ್ವಲ್ಪ ಬೇಗ ಆಗಬಹುದು. ಎಂಟು ಹತ್ತು ವರ್ಷ ಮಾಡಿ ತಲೆ ನೆಟ್ಟಗೆ ನಿಂತವರಿಗೆ ಹೇಳಿ ಮಾಡಿಸಿದ ಹಾಗಿದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಅಂಕ ಕಳೆದದ್ದು ಸಂಸ್ಕೃತಿ ತರಗತಿ.

ಇದರ ಮುಂದಿನ ಹಂತದಲ್ಲಿ ಮೀನುಗಾರಿಕೆ ಹಕ್ಕಿನ ಮೇಲೆ ಆರು ದೇಶಗಳ ಸಿಮ್ಯುಲೇಷನ್ ಇದೆಯಂತೆ. ಹೆಸರು ಕೊಟ್ಟಿದ್ದೇನೆ. ಮಂತ್ರಿಗಿರಿ ಬೇಡ, ವೀಕ್ಷಕಿಯ ಕುರ್ಚಿ ಹಾಕಿಸಿ ಅದರಲ್ಲಿ ಕೂರಿಸಿ ಅಂತ ಫಾರಂನಲ್ಲಿ ಬರೆದಿದ್ದೇನೆ.