ಒಂದೇ ಸೆಟ್‌ಟಾಪ್ ಬಾಕ್ಸ್, ಎರಡು ಟಿವಿ: ಮೂರು ವರ್ಷ ಬಳಸಿದ ಮೇಲೆ

2022ರ ಮಳೆಗಾಲದಲ್ಲಿ ಅಮ್ಮ ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಹಿಂದಿನ ಕೋಣೆಯೇ ಅವಳ ಲೋಕವಾಯಿತು. ಮೊದಲೆಲ್ಲ ಸಂಜೆ ಹಾಲ್‌ನಲ್ಲಿ ಮೊಮ್ಮಕ್ಕಳ ಜೊತೆ ಕೂತು ಟಿವಿ ನೋಡಿದವಳು. 'ನೀವೆಲ್ಲ ನೋಡ್ತಿರೋದು ನನಗೂ ಕಾಣೋ ಹಾಗೆ ಮಾಡೋ' ಅಂದಳು. ಅಟ್ಟದಲ್ಲಿದ್ದ ಹಳೆಯ 24 ಇಂಚಿನ ಟಿವಿ ಇಳಿಸಿ ಅವಳ ಎದುರಿನ ಗೋಡೆಗೆ ಹಾಕಿದೆ. ಡಿಶ್ಶಿನ ಬಾಕ್ಸ್ ಮಾತ್ರ ಒಂದೇ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಉದ್ದನೆಯ ಹಳೇ ಮನೆ. ಹಾಲ್‌ನಿಂದ ಆ ಕೋಣೆಗೆ ಗೋಡೆ ಬದಿಯಲ್ಲೇ ವೈರ್ ಎಳೆದರೆ 17 ಮೀಟರ್, ನಡುವೆ ಎರಡು ದಪ್ಪ ಮಣ್ಣಿನ ಗೋಡೆ.

ಕೇಬಲ್ ಹಾಕಲು ಬಂದವರೊಬ್ಬರು ಡಿಶ್ ಛತ್ರಿಯಿಂದ ಬರುವ ವೈರಿಗೇ ಸ್ಪ್ಲಿಟರ್, ಅಂದರೆ ಒಂದನ್ನು ಎರಡಾಗಿಸುವ ಕವಲು, ಹಾಕಿ ಕೊಡುತ್ತೇನೆ ಎಂದು ಹೊರಟರು. ಬೇಡ ಎಂದೆ. ಆ ವೈರಿನಲ್ಲಿ ಬರುವುದು ಇನ್ನೂ ಬೀಗ ತೆಗೆಯದ ಸಿಗ್ನಲ್. ದುಡ್ಡು ಕೊಟ್ಟ ಚಾನೆಲ್ಲುಗಳ ಬೀಗ ತೆಗೆಯುವುದು ಬಾಕ್ಸ್. ಎರಡನೇ ಬಾಕ್ಸ್ ಇಲ್ಲದೆ ಆ ಕವಲಿನಿಂದ ನಮಗೆ ಏನೂ ಪ್ರಯೋಜನವಿರಲಿಲ್ಲ. ಎರಡು ಬಾಕ್ಸ್ ಇದ್ದರೂ ಮಾಮೂಲಿ ಸ್ಪ್ಲಿಟರ್ ಸಾಲುವುದಿಲ್ಲ. ಬಾಕ್ಸು 13 ಅಥವಾ 18 ವೋಲ್ಟ್ ಕಳಿಸಿ ಎಲ್‌ಎನ್‌ಬಿಗೆ (ಛತ್ರಿಯ ಮುಂದೆ ಸಿಗ್ನಲ್ ಹಿಡಿಯುವ ಡಬ್ಬಿ) ಅಡ್ಡ, ಲಂಬ ಎರಡರಲ್ಲಿ ಯಾವ ದಿಕ್ಕಿನಲ್ಲಿ ಕಂಪಿಸುವ ತರಂಗ ಹಿಡಿಯಬೇಕೆಂದು ಹೇಳುತ್ತದೆ. ಎರಡು ಬಾಕ್ಸ್ ಬೇರೆ ಬೇರೆ ಹೇಳಿದರೆ ಒಂದರ ಚಾನೆಲ್ ಹೋಗುತ್ತದೆ. ಅದಕ್ಕೆ ಎರಡು ಬಾಯಿಯ ಎಲ್‌ಎನ್‌ಬಿಯೇ ಬೇಕು. ಆದ್ದರಿಂದ ನಮ್ಮಂಥವರು ಕವಲು ಹಾಕಬೇಕಾದದ್ದು ಬಾಕ್ಸಿನಿಂದ ಈಚೆಗೆ.

ಮೊದಲ ಎಂಟು ತಿಂಗಳು ಚಿತ್ರ, ಧ್ವನಿ ಒಯ್ಯುವ ಹಳೇ ಬಗೆಯ ಎವಿ ವೈರ್ ಬಳಸಿದೆ. ಬಾಕ್ಸಿನ ಹಿಂದೆ, ಟಿವಿಗೆ ಸ್ಪಷ್ಟ ಚಿತ್ರ ಕಳಿಸುವ ಎಚ್‌ಡಿಎಂಐ ಬಾಯಿಯ ಪಕ್ಕದಲ್ಲಿ ಎವಿ ಎಂದು ಬರೆದ ಸಣ್ಣ ತೂತಿದೆ. ನಮ್ಮ ಬಾಕ್ಸಿನಲ್ಲಿ ಎರಡೂ ಒಟ್ಟಿಗೆ ಓಡುತ್ತವೆ. ಅಲ್ಲಿಗೆ ಹಾಕುವ ಪಿನ್ನಿನಲ್ಲಿ ಮೂರು ಕಪ್ಪು ಗೆರೆ ಇರಬೇಕು. ಹೆಡ್‌ಫೋನಿನ ಮಾಮೂಲಿ ಪಿನ್ನಿನಲ್ಲಿ ಎರಡೇ ಇರುವುದು. ಮೂರು ಗೆರೆಯಿದ್ದೂ ಚಿತ್ರ ಬರದೆ ಬರೀ ಗರಗರ ಕೇಳಿದರೆ ಆ ಪಿನ್ನಿನೊಳಗಿನ ಜೋಡಣೆಯ ಕ್ರಮ ಬೇರೆ ಎಂದರ್ಥ. ನನ್ನ ಮೊದಲ ವೈರ್ ಅಂಥದ್ದೇ, ಬದಲಿಸಿಕೊಂಡು ಬಂದೆ. ಚಿತ್ರ ಬಂತು, ಧ್ವನಿ ಚೆನ್ನಾಗಿತ್ತು. ಆದರೆ ಎವಿಯಲ್ಲಿ ಬರುವುದು ಹಳೆಯ 576 ಗೆರೆಗಳ ಚಿತ್ರ. ಅಷ್ಟು ದೂರ ಹೋಗುವಾಗ ಬಣ್ಣವೂ ಮಾಸುತ್ತಿತ್ತು. ಸುದ್ದಿಯ ಕೆಳಗೆ ಓಡುವ ಸಾಲಿನಲ್ಲಿ ಒತ್ತಕ್ಷರಗಳು ಕಲಸಿಹೋಗುತ್ತಿದ್ದವು. 'ಮುಖ್ಯಮಂತ್ರಿ'ಯನ್ನು ಅಂದಾಜಿನಲ್ಲಿ ಓದಬೇಕಿತ್ತು. ಪತ್ರಿಕೆ ಓದಿ ಬೆಳೆದ ಅಮ್ಮನಿಗೆ ಅದು ನೋವಿನ ವಿಷಯ.

ಆಮೇಲೆ ಎಚ್‌ಡಿಎಂಐ ಸ್ಪ್ಲಿಟರ್ ಮತ್ತು 20 ಮೀಟರಿನ ಎಚ್‌ಡಿಎಂಐ ಕೇಬಲ್ ತಂದೆ. ಹತ್ತು ನಿಮಿಷಕ್ಕೊಮ್ಮೆ ಪರದೆ ಕಪ್ಪಾಗಿ ಮತ್ತೆ ಬರುತ್ತಿತ್ತು. ವಾರದೊಳಗೆ ಕೇಬಲ್ ವಾಪಸ್ ಮಾಡಿದೆ. ಮಾಮೂಲಿ ತಾಮ್ರದ ಎಚ್‌ಡಿಎಂಐ ಕೇಬಲನ್ನು 10 ಮೀಟರ್ ದಾಟಿಸಬೇಡಿ ಎನ್ನುವುದು ನನ್ನ ಅನುಭವ.

ಈಗ ಇರುವುದು ಎಚ್‌ಡಿಎಂಐ ಸಿಗ್ನಲನ್ನು ದೂರಕ್ಕೆ ಮುಟ್ಟಿಸುವ ಎಕ್ಸ್‌ಟೆಂಡರ್. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಎರಡು ಡಬ್ಬಿ. ಒಂದು ಬಾಕ್ಸಿನ ಹತ್ತಿರ, ಇನ್ನೊಂದು ಅಮ್ಮನ ಟಿವಿಯ ಹಿಂದೆ, ನಡುವೆ ಇಂಟರ್ನೆಟ್ಟಿಗೆ ಬಳಸುವ ಕ್ಯಾಟ್ 6 ಕೇಬಲ್. ಕಳಿಸುವ ಡಬ್ಬಿಯಲ್ಲೇ ಹಾಲ್‌ನ ಟಿವಿಗೂ ಒಂದು ಎಚ್‌ಡಿಎಂಐ ಬಾಯಿ ಇರುವಂಥದ್ದನ್ನು ಕೇಳಿ ಕೊಂಡೆ, ಹಾಗಾಗಿ ಬೇರೆ ಸ್ಪ್ಲಿಟರ್ ಬೇಕಾಗಲಿಲ್ಲ. ಡಬ್ಬಿಗಳಿಗೆ ₹1,900, ಕೇಬಲ್ಲಿಗೆ ₹700. ಮೊದಲು ಅಗ್ಗದ ಕೇಬಲ್ ತಂದಿದ್ದೆ. ಚಿತ್ರದಲ್ಲಿ ಬಿಳಿ ಚುಕ್ಕಿಗಳು ಮಿಣುಕುತ್ತಿದ್ದವು. ತುದಿ ಕೊಯ್ದು ಬ್ಲೇಡಿನಿಂದ ಕೆರೆದು ನೋಡಿದರೆ ತಾಮ್ರದ ಲೇಪದ ಒಳಗೆ ಅಲ್ಯೂಮಿನಿಯಂ! ಪೂರಾ ತಾಮ್ರದ ಕೇಬಲ್ ಹಾಕಿದ ದಿನವೇ ಚುಕ್ಕಿ ಹೋಯಿತು. ಅಂದು ಸಂಜೆ ಅಮ್ಮ ಓಡುವ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳಿದಳು.

ನಾನು ಈ ವಸ್ತುವನ್ನು ಮೆಚ್ಚಿಕೊಂಡದ್ದು ಚಿತ್ರಕ್ಕಿಂತ ರಿಮೋಟಿಗಾಗಿ. ರಿಮೋಟಿನ ಕಿರಣ ಗೋಡೆ ದಾಟುವುದಿಲ್ಲ. ಚಾನೆಲ್ ಬದಲಿಸಬೇಕಾದಾಗಲೆಲ್ಲ ಅಮ್ಮ ಯಾರನ್ನಾದರೂ ಕರೆಯಬೇಕಿತ್ತು, ಕರೆಯಲು ಸಂಕೋಚಪಟ್ಟು ಸುಮ್ಮನಿರುತ್ತಿದ್ದಳು. ಎಕ್ಸ್‌ಟೆಂಡರಿನ ಜೊತೆ ಎರಡು ತೆಳು ವೈರ್ ಬರುತ್ತವೆ. ಕಪ್ಪಗೆ ಉಬ್ಬಿದ ಕಣ್ಣಿರುವುದು ರಿಮೋಟನ್ನು ಗ್ರಹಿಸುವಂಥದ್ದು, ಅದು ಅಮ್ಮನ ಟಿವಿಯ ಕೆಳಗೆ. ಇನ್ನೊಂದು ಆ ಸೂಚನೆಯನ್ನು ಬಾಕ್ಸಿಗೆ ತಲುಪಿಸುವಂಥದ್ದು, ಅದನ್ನು ಬಾಕ್ಸಿನ ಮುಖಕ್ಕೆ ಅಂಟಿಸಬೇಕು. ಅದಲು ಬದಲಾದರೆ ರಿಮೋಟ್ ಕೆಲಸ ಮಾಡುವುದಿಲ್ಲ. ಬಾಕ್ಸಿನ ಕಣ್ಣು ಎಲ್ಲಿದೆಯೆಂದು ಟಾರ್ಚ್ ಹಿಡಿದು ಹುಡುಕಿ, ಸರಿಯಾಗಿ ಅದರ ಮೇಲೇ ಅಂಟಿಸಿ. ನಮ್ಮ ಮಳೆಗಾಲದ ತೇವಕ್ಕೆ ಎರಡು ಬದಿಯ ಟೇಪು ಆಷಾಢದ ಹೊತ್ತಿಗೆ ಬಿಟ್ಟುಕೊಳ್ಳುತ್ತದೆ. ಪ್ರತಿ ವರ್ಷ ಹೊಸದು ಹಾಕುತ್ತೇನೆ.

ಬಾಕ್ಸಿನ ಸೆಟ್ಟಿಂಗಿನಲ್ಲಿ ಎರಡು ಬದಲಾವಣೆ ಮಾಡಬೇಕಾಯಿತು. ಸಣ್ಣ ಟಿವಿ ಜೋಡಿಸಿದ್ದೇ ಹಾಲ್‌ನ ದೊಡ್ಡ ಟಿವಿಯ ಚಿತ್ರವೂ 720 ಗೆರೆಗಳಿಗೆ ಇಳಿಯಿತು. ರೆಸೊಲ್ಯೂಷನ್ 'ಆಟೊ' ಇದ್ದದ್ದನ್ನು 1080ಐ ಮಾಡಿದೆ. ಕೆಲವು ಚಾನೆಲ್ಲುಗಳಲ್ಲಿ ಅಮ್ಮನ ಟಿವಿ ಮೂಕವಾಗುತ್ತಿತ್ತು, ಡಾಲ್ಬಿ ಧ್ವನಿ ಅದಕ್ಕೆ ಅರ್ಥವಾಗದು. ಆಡಿಯೊವನ್ನು ಪಿಸಿಎಂ ಎಂಬ ಸಾದಾ ಬಗೆಗೆ ಬದಲಿಸಿದ ಮೇಲೆ ಸರಿಹೋಯಿತು. ಎರಡೂ ಟಿವಿ ಜೋರಾಗಿಟ್ಟರೆ ಬಾವಿಯೊಳಗೆ ಕೂಗಿದ ಹಾಗೆ ಧ್ವನಿ ಎರಡೆರಡಾಗಿ ಕೇಳುತ್ತಿತ್ತು. ದೊಡ್ಡ ಟಿವಿ ಚಿತ್ರವನ್ನು ತಿದ್ದಿ ತೋರಿಸಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ, ಧ್ವನಿಯೂ ಅದರ ಜೊತೆ ತಡವಾಗುತ್ತದೆ. ಅದನ್ನು ಈ ತಿದ್ದುವಿಕೆ ಕಡಿಮೆ ಮಾಡುವ ಗೇಮ್ ಮೋಡಿಗೆ ಹಾಕಿದೆ, ಎರಡು ಧ್ವನಿಯ ಕಾಟ ತುಂಬಾ ಕಡಿಮೆಯಾಯಿತು.

ಮೂರು ವರ್ಷದಲ್ಲಿ ಕೆಟ್ಟದ್ದು ಒಂದೇ, ಅಮ್ಮನ ಕೋಣೆಯ ಡಬ್ಬಿಯ 5 ವೋಲ್ಟ್ ಅಡಾಪ್ಟರ್. ಕರೆಂಟು ಹೋಗಿ ಬಂದು ಮಾಡಿದ ಒಂದು ರಾತ್ರಿ ಸುಟ್ಟಿತು. ಹೊಸದಕ್ಕೆ ₹150. ಈಗ ಎರಡೂ ಡಬ್ಬಿ ಇನ್ವರ್ಟರ್ ಲೈನಿನಲ್ಲಿವೆ. ಗುಡುಗು ಶುರುವಾದರೆ ಛತ್ರಿಯ ವೈರನ್ನೂ ಬಿಚ್ಚಿಡುತ್ತೇವೆ. ಕರೆಂಟು ಬಂದಾಗ ಮೊದಲು ಟಿವಿಗಳು, ಆಮೇಲೆ ಬಾಕ್ಸ್ ಹಾಕಿದರೆ ಚಿತ್ರ ತಪ್ಪದೆ ಬರುತ್ತದೆ.

ಎರಡೂ ಕಡೆ ಒಂದೇ ಚಾನೆಲ್ ಎನ್ನುವುದನ್ನು ಕೊಳ್ಳುವ ಮೊದಲು ಮನೆಯವರೆಲ್ಲ ಒಪ್ಪಬೇಕು. ತಂಗಿಯ ಮನೆಯಲ್ಲಿ ಅತ್ತೆಗೆ ಧಾರಾವಾಹಿ, ಹುಡುಗರಿಗೆ ಕ್ರಿಕೆಟ್, ಅದೂ ಒಂದೇ ಹೊತ್ತಿಗೆ. ಅವಳಿಗೆ ನಾನೇ ಎರಡನೇ ಕನೆಕ್ಷನ್ ಹಾಕಿಸು ಎಂದೆ. ತಿಂಗಳ ಖರ್ಚು ಬೇಡವೆನ್ನುವವರಿಗೆ ಡಿಡಿ ಫ್ರೀ ಡಿಶ್ ಇದೆ. ಅದರ ಉಪಗ್ರಹ ಜಿಸ್ಯಾಟ್-15, ನಿಮ್ಮ ಕಂಪನಿಯದು ಬೇರೆ ಉಪಗ್ರಹವಾದರೆ ಬೇರೆ ಛತ್ರಿ ಬೇಕು. ಒಮ್ಮೆ ಹಾಕಿಸಿದರೆ ಚಂದಾ ಇಲ್ಲ, ಚಂದನವೂ ಬರುತ್ತದೆ.

ನಮ್ಮಲ್ಲಿ ಏಳರಿಂದ ಎಂಟೂವರೆ ಅಮ್ಮನ ಸಮಯ. ಅವಳ ರಿಮೋಟಿನಲ್ಲಿ ಚಾನೆಲ್, ವಾಲ್ಯೂಮ್, ಪವರ್ ಬಿಟ್ಟು ಉಳಿದ ಗುಂಡಿಗಳ ಮೇಲೆ ಬ್ಯಾಂಡೇಜ್ ಪ್ಲಾಸ್ಟರ್ ಅಂಟಿಸಿದ್ದೇನೆ. ಹೋದ ದಸರಾಕ್ಕೆ ಜಂಬೂಸವಾರಿಯನ್ನು ಅವಳು ಅಲ್ಲಿ, ನಾವು ಇಲ್ಲಿ ನೋಡಿದೆವು. ಆನೆ ಅರಮನೆ ಬಾಗಿಲು ದಾಟಿದಾಗ ಹಿಂದಿನ ಕೋಣೆಯಿಂದ 'ಬಂತು ನೋಡ್ರೋ' ಎಂದು ಕೂಗಿದಳು. ಮಕ್ಕಳು ಎದ್ದು ಅವಳ ಕೋಣೆಗೇ ಓಡಿದರು.